ಸಂಜಯನಿಗೆ ಸಿಕ್ಕ ಹೆಣದ ಪಾರ್ಟು

ಉಗಾರ ಬುದ್ರುಕದ ಸಂಜಯನ ಮನೆಯಲ್ಲಿ ಹಗಲೂ ರಾತ್ರಿ ಒಂದು ಕೆಂಪು ದೀಪ ಉರಿಯುತ್ತಿತ್ತು. ದೇವರ ಮುಂದಿನ ನಂದಾದೀಪ ಅಂದುಕೊಂಡರೆ ತಪ್ಪಾಯಿತು. ಅದು ಪಡಸಾಲೆಯ ಪಕ್ಕದ ಕೋಣೆಯಲ್ಲಿ, ಹಳೇ ಡಬ್ಬಾ ಟೀವಿಯ ಕೆಳಗಿದ್ದ ವಿಡಿಯೊ ಗೇಮಿನ ದೀಪ. ನಂದಾದೀಪ ಗಾಳಿಗೆ ಆರಿದರೆ ಮತ್ತೆ ಹಚ್ಚಬಹುದು. ಇದು ಆರಿದರೆ ಸಂಜಯನ ಬಾಳಿನ ಏಕಮೇವ ಸಾಧನೆ ಭೂಮಿಯ ಮೇಲಿಂದ ಅಳಿಸಿಹೋಗುತ್ತಿತ್ತು.

ಸಾಧನೆ ಏನೆಂದರೆ, ಕಾರು ರೇಸಿನ ಆಟದಲ್ಲಿ ಅವನು ಮಾಡಿದ ರಿಕಾರ್ಡು. ನಗಬೇಡಿ. ಕಬ್ಬು, ದ್ರಾಕ್ಷಿ ಎರಡೂ ಇದ್ದ, ಊರಲ್ಲಿ ನಾಲ್ಕು ಜನ ಕುರ್ಚಿ ಬಿಟ್ಟುಕೊಡುತ್ತಿದ್ದ ಮನುಷ್ಯನಿಗೆ ಇದೇನು ಹುಡುಗಾಟಿಕೆ ಎಂದು ಕೇಳುವವರು ಸಂಭಾಜಿಯನ್ನು ಕಂಡಿಲ್ಲ. ಶೇಡಬಾಳದ ಸಂಭಾಜಿ ಅವನ ಶಾಲೆಯ ಗೆಳೆಯ. ಆಗ ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬ ಇಂಥ ವಿಡಿಯೊ ಗೇಮಿನ ಡಬ್ಬಿಗಳನ್ನಿಟ್ಟು ತಾಸಿನ ಲೆಕ್ಕದಲ್ಲಿ ಆಡಲು ಬಿಡುತ್ತಿದ್ದ. ಅಲ್ಲಿ ಸಂಭಾಜಿ ಗೆಲ್ಲುತ್ತಿದ್ದ, ಸಂಜಯನ ಕಾರು ಕೊನೆಯ ತಿರುವಿನಲ್ಲಿ ಗಟಾರಕ್ಕೆ ಬೀಳುತ್ತಿತ್ತು. ಬಿದ್ದದ್ದು ಬಿದ್ದುಹೋಯಿತು ಅನ್ನುವಂತಿದ್ದರೆ ಒಳ್ಳೆಯದಿತ್ತು. ಆದರೆ ಸಂಭಾಜಿ ಅದನ್ನು ಪ್ರತಿ ಮದುವೆಯಲ್ಲಿ, ಪ್ರತಿ ಪಂಕ್ತಿಯಲ್ಲಿ, ಕೊನೆಗೆ ಸಂಜಯನ ಸ್ವಂತ ನಿಶ್ಚಯದ ದಿನ ಬೀಗರ ಮುಂದೆಯೂ ಹೇಳಿದ. "ಇಂವಗ ಹೆಣ್ಣ ಕೊಡ್ರಿ, ಗಾಡಿ ಕೀಲಿ ಕೊಡಬ್ಯಾಡ್ರಿ" ಎಂದ. ಮಾವನವರು ನಕ್ಕಿದ್ದನ್ನು ಸಂಜಯ ಇಂದಿಗೂ ಮರೆತಿಲ್ಲ.

ಹೀಗಾಗಿ ನಲವತ್ತೈದು ದಾಟಿದ ಮೇಲೆ ಮಿರಜಿನ ಹಳೇ ಸಾಮಾನಿನ ಬಜಾರಿನಲ್ಲಿ ಅದೇ ಡಬ್ಬಿ, ಅದೇ ಹಳದಿ ಕ್ಯಾಸೆಟ್ಟು ಸಿಕ್ಕಾಗ ಅವನು ಚೌಕಾಸಿಯನ್ನೂ ಮಾಡದೆ ತಂದ. ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ತಪಸ್ಸಿಗೆ ಕೂತ. ಯುಗಾದಿಯ ಮುಂದೊಂದು ಮಧ್ಯಾಹ್ನ ಕೊನೆಯ ತಿರುವು ದಾಟಿದ. ಸಂಭಾಜಿ ಯಾವ ಕಾಲಕ್ಕೂ ಕಾಣದ ನಂಬರು ಪರದೆಯ ಮೇಲೆ ಬಂದು ನಿಂತಿತು.

ಕಷ್ಟ ಶುರುವಾದದ್ದು ಅಲ್ಲಿಂದ. ಈಗಿನ ಆಟಗಳು ಎಲ್ಲವನ್ನೂ ನೆನಪಿಡುತ್ತವೆ. ಈ ಮುದಿ ಡಬ್ಬಿಗೆ ಕರೆಂಟಿರುವ ತನಕ ಮಾತ್ರ ನೆನಪು. ಬಟನ್ ಆರಿತೋ, ಮತ್ತೆ ಸೊನ್ನೆಯಿಂದ ಸಂಸಾರ. ಫೋಟೊ ಕಳಿಸಿದರೆ ಸಂಭಾಜಿ ಫೋನಿನಲ್ಲಿ ನಕ್ಕುಬಿಟ್ಟ. "ಮೋಬೈಲದಾಗ ನಾ ಹುಲಿ ಮ್ಯಾಲೆ ಕುಂತಂಗೂ ತೋರಸ್ತಾರ ಈಗ. ಬಂದ ಕಣ್ಣಾರೆ ನೋಡಿದ್ರ ಖರೆ." ಬರುವುದು ಯಾವಾಗ? "ಊಟಕ್ಕ ಕರಿ, ಬರ್ತೇನಿ."

ಫ್ರಿಜ್ಜಿಗೆಂದು ತಂದಿದ್ದ ಇನ್ವರ್ಟರನ್ನು ಸಂಜಯ ಅಂದೇ ಡಬ್ಬಿಯ ಗೋಡೆ ಬಟನ್ನಿಗೆ ಜೋಡಿಸಿದ. ಫ್ರಿಜ್ಜಿನಲ್ಲಿ ದಾನೇಶ್ವರಿಯ ಮೊಸರು ಹುಳಿಯಾಯಿತು, ಹಿಟ್ಟು ಉಬ್ಬಿತು, ಅವಳ ಮುಖವೂ ಸ್ವಲ್ಪ ಉಬ್ಬಿತು. ದಾನೇಶ್ವರಿ ಅವನ ಹೆಂಡತಿ. ಮಾತು ಕಡಿಮೆ. (ಮಾತು ಕಡಿಮೆ ಇರುವ ಹೆಂಡತಿಯನ್ನು ಪಡೆದವರು ಪುಣ್ಯವಂತರು ಎನ್ನುವವರು ಈ ಕಥೆಯನ್ನು ಕೊನೆಯ ತನಕ ಓದಬೇಕು.)

ಅಂಥವಳು ಒಂದು ದಿನ ತಾನಾಗಿಯೇ ಬಾಯಿ ತೆಗೆದಳು.

"ಈ ಸಲದ ಭಿಶಿ ನಮ್ಮನ್ಯಾಗ ಐತ್ರಿ. ಎಲ್ಲಾರೂ ಪಾನಿಪುರಿ, ಪಾವಭಾಜಿ ಮಾಡಿ ಮುಗಿಸ್ಯಾರ. ನಾ ಕೊಲಿ ಊಟಾ ಮಾಡ್ತೇನಿ."

ಭಿಶಿ ಎಂದರೆ ಹೆಂಗಸರ ತಿಂಗಳ ಚೀಟಿ, ಅದರ ಜೊತೆ ಒಂದು ತಿಂಡಿ-ಫರಾಳ. ಕೊಲೆ ಊಟ ಏನೆಂದು ಅವಳು ಮೋಬೈಲಿನಲ್ಲಿ ನೋಡಿದ್ದನ್ನು ಹೇಳಿದಳು. ಬಂದವರಿಗೆಲ್ಲ ಒಂದೊಂದು ಪಾರ್ಟು. ದೀಪ ಆರುತ್ತದೆ, ಯಾರೋ ಕಿರುಚುತ್ತಾರೆ, ದೀಪ ಹತ್ತಿದಾಗ ಒಬ್ಬ ಸತ್ತು ಬಿದ್ದಿರುತ್ತಾನೆ. ಮಿಕ್ಕವರು ಉಣ್ಣುತ್ತ ಕೊಲೆಗಾರನನ್ನು ಹುಡುಕಬೇಕು. ಗಂಡಂದಿರಿಗೂ ಕರೆಯೋಲೆ. ಸಂಭಾಜಿಯ ಹೆಂಡತಿ ಸೋನಾಲಿ ಅದೇ ಭಿಶಿಯವಳು. ಸಂಭಾಜಿ ಬರುತ್ತಾನೆ ಎಂದು ತಿಳಿದದ್ದೇ ತಡ, ಸಂಜಯ ಕೊಲೆಗೆ ಮನಃಪೂರ್ವಕ ಒಪ್ಪಿಗೆ ಕೊಟ್ಟ.

"ಆದ್ರ ಮೇನ್ ಸ್ವಿಚ್ ಮುಟ್ಟಂಗಿಲ್ಲ. ಪಡಸಾಲಿ ಲೈಟ್ ಅಷ್ಟ."

"ಅಷ್ಟ ಆರಸ್ತೇನಿ. ನೀವು ಹೆಣಾ."

"ನಾ ಯಾಕ ಹೆಣಾ? ಇನ್ಸ್‌ಪೆಕ್ಟರ್ ಕೊಡು."

"ನಿಮಗ ಸುಳ್ಳ ಹೇಳಾಕ ಬರೂದಿಲ್ಲ, ಮುಖದಾಗ ಕಾಣ್ತೈತಿ. ಹೆಣಕ್ಕ ಮುಖಾ ಬೇಕಿಲ್ಲ. ಒಂದ ಮಾತು: ಏನರೆ ಆಗ್ಲಿ, ಆಟ ಮುಗಿಯೂತನಾ ಏಳಬಾರ್ದು. ಎದ್ರ ನಾಕ ಮಂದ್ಯಾಗ ನನ್ನ ಮರ್ಯಾದಿ ಹೋತು. ಆಣಿ ಮಾಡ್ರಿ."

"ಆತು ಮಾರಾಯ್ತಿ."

"ಹಂಗಲ್ಲ. ಆ ಡಬ್ಬಿ ಮುಟ್ಟಿ ಮಾಡ್ರಿ."

ಸಂಜಯ ಕೋಣೆಗೆ ಹೋಗಿ, ಕೆಂಪು ದೀಪದ ಎದುರು ಡಬ್ಬಿ ಮುಟ್ಟಿ ಆಣೆ ಮಾಡಿದ. ಹೆಂಡತಿಗೂ ತನ್ನ ಸಾಧನೆಯ ಬೆಲೆ ತಿಳಿಯಿತಲ್ಲ ಎಂದು ಅವನಿಗೆ ಒಳಗೊಳಗೇ ಸಮಾಧಾನವಾಯಿತು. ಐನಾಪುರದ ಲಕ್ಕವ್ವತ್ತೆಯನ್ನೂ ಕರೆದಿದ್ದಾಳೆಂದು ಗೊತ್ತಾದಾಗ ಮಾತ್ರ ಸ್ವಲ್ಪ ಗೊಂದಲವಾಯಿತು. ಲಕ್ಕವ್ವ ಅವನ ಅಪ್ಪನ ಅಕ್ಕ. ಎಂಬತ್ತರ ಹತ್ತಿರ. ಎರಡೂ ಕಿವಿ ಮಂದ. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರಷ್ಟೇ ಕೇಳುತ್ತದೆ. ಅವಳೇನು ಭಿಶಿಯವಳೇ?

"ಮನ್ಯಾಗ ಹಿರ್ಯಾರ ಒಬ್ರ ಇರ್ಲಿ" ಎಂದಳು ದಾನೇಶ್ವರಿ. ಒಳ್ಳೆಯ ಸೊಸೆ ಎಂದುಕೊಂಡ ಸಂಜಯ.

ಆ ದಿನ ಸಂಜೆ ಅವನು ಟೀವಿ ಹಚ್ಚಿ, ಸಣ್ಣಗೆ ಹಾಡುತ್ತಿದ್ದ ಆಟದ ಸಂಗೀತಕ್ಕೆ ಕೋಣೆಯ ಬಾಗಿಲನ್ನು ಅರ್ಧ ಮುಚ್ಚಿ, ನಂಬರಿಗೊಂದು ನಮಸ್ಕಾರ ಮಾಡಿ ಬಂದ. ಸಂಭಾಜಿ ಬಂದಾಗ ಸಂಜಯ ಒಳಗೆ ಭಿಶಿಯ ಹೆಂಗಸೊಬ್ಬಳ ಕೈಯಿಂದ ಪೌಡರು ಹಚ್ಚಿಸಿಕೊಳ್ಳುತ್ತಿದ್ದ. "ನಂಬರ್ ಊಟ ಆದ ಮ್ಯಾಲೆ ತೋರಸ್ರಿ, ಈಗ ಸಾಯೂ ಟೈಮ್ ಆಗೈತಿ" ಎಂದು ದಾನೇಶ್ವರಿ ಅವನನ್ನು ಜಮಖಾನದ ಮೇಲೆ ತಂದು ಕೂರಿಸಿದಳು.

ದೀಪ ಆರಿತು. ಸೋನಾಲಿ ಕಿರುಚಿದಳು. ಸಂಜಯ ಸತ್ತ.

ದೀಪ ಹತ್ತಿದಾಗ ಅವನು ಮಾಡಿದ ಮೊದಲ ಕೆಲಸ ಉಸಿರು ಹಿಡಿದು ಕೇಳಿಸಿಕೊಂಡದ್ದು. ಕೋಣೆಯಿಂದ ಸಂಗೀತ ಇನ್ನೂ ಸಣ್ಣಗೆ ಬರುತ್ತಿತ್ತು. ಬದುಕಿದೆ ಎಂದುಕೊಂಡು ಅವನು ನೆಮ್ಮದಿಯಿಂದ ಸತ್ತಿದ್ದ.

ಗೊಬ್ಬರದ ಅಂಗಡಿಯ ಮಲ್ಲೇಶ ಇನ್ಸ್‌ಪೆಕ್ಟರ್. ಅವನು ಗಂಟಲು ಸರಿಮಾಡಿಕೊಂಡು, "ಸತ್ತಾಂವ ಹೆಂಗಿದ್ದಾ? ಇಂವನ ಮ್ಯಾಲೆ ಯಾರಿಗೆ ಸಿಟ್ಟಿತ್ತು?" ಎಂದು ವಿಚಾರಣೆ ಶುರು ಮಾಡಿದ. ನಮ್ಮ ಕಡೆ ಸತ್ತವರ ಬಗ್ಗೆ ಕೆಟ್ಟದ್ದಾಡುವ ಪದ್ಧತಿ ಇಲ್ಲ. "ಭಾಳ ಛೊಲೊ ಮನಶ್ಯಾ ಇದ್ದಾರಿ" ಎಂದರು ಒಬ್ಬರು. "ಹಂಗ ಹೋಗಬಾರ್ದಿತ್ತು" ಎಂದರು ಇನ್ನೊಬ್ಬರು. ಕೊಲೆಗಾರನನ್ನು ಹುಡುಕುವ ಉಮೇದು ಯಾರಿಗೂ ಇರಲಿಲ್ಲ. ಆದದ್ದಾಯಿತು, ಎರಡೂ ಕಡೆಯವರನ್ನು ಕೂರಿಸಿ ಮುಗಿಸಿಬಿಡೋಣ ಎಂದು ಇನ್ಸ್‌ಪೆಕ್ಟರೇ ಸೂಚಿಸಿದ.

ಆಗ ಲಕ್ಕವ್ವ ಎದ್ದಳು. ಇದು ಆಟವೆಂದು ಅವಳಿಗೆ ಕೂಗಿ ಹೇಳಿಯಾಗಿತ್ತು, ಅವಳಿಗೆ ತಿಳಿದೂ ಇತ್ತು.

"ಆಟ ಇರಲ್ಯಾಕ. ಸಾವು ಅಂತ ಬಾಯ್ಲೆ ಅಂದ ಮ್ಯಾಲೆ ಸಾವಿನ ನೇಮಾ ನಡೀಬೇಕು. ತಲೀ ಕಡೆ ದೀಪಾ ಹಚ್ರಿ. ಹೆಣಾ ಹೊಸ್ತಿಲಾ ದಾಟೂತನಾ ಯಾರೂ ತುತ್ತ ಎತ್ತಬ್ಯಾಡ್ರಿ. ಮತ್ತ ಇದೇನಿದು, ಸತ್ತ ಮನ್ಯಾಗ ಟೀವಿ ಹಾಡಾಕತ್ತೈತಿ? ನಾಚ್ಗಿ ಇಲ್ಲೇನ ನಿಮಗ?"

ಸಂಜಯ ಕಿವಿ ನಿಮಿರಿಸಿದ. ಲಕ್ಕವ್ವನ ಕೋಲಿನ ಸದ್ದು ಕೋಣೆಯ ಕಡೆ ಹೊರಟಿತು. ಅತ್ತೆಯ ಕೈ ಅವನಿಗೆ ಗೊತ್ತು. ಅವಳು ಟೀವಿ ಆರಿಸುವುದೆಂದರೆ ಟೀವಿಯ ಗುಂಡಿ ಒತ್ತುವುದಲ್ಲ; ಗೋಡೆಯ ಬಟನ್ ಕೆಡವಿ, ಪಿನ್ನು ಕಿತ್ತು, ವಾಯರು ಸುತ್ತಿಡುವುದು.

ಏಳಬೇಕೆಂದರೆ ಒಂದು ಗಳಿಗೆ ಸಾಕಿತ್ತು. "ಅತ್ತೀ ನಿಂದ್ರು" ಎಂದು ಒಂದು ಕೂಗು ಸಾಕಿತ್ತು. ಆದರೆ ಅರೆಗಣ್ಣಿನಲ್ಲಿ ನೋಡಿದಾಗ ದಾನೇಶ್ವರಿ ಕಂಡಳು. ಹೊಸ ಇಳಕಲ್ ಸೀರೆ ಉಟ್ಟು, ಭಿಶಿಯ ಹೆಂಗಸರೆಲ್ಲ ಬೆರಗಾಗಿ ನೋಡುತ್ತಿರುವಾಗ, ಅವಳು ಇಷ್ಟು ವರ್ಷಗಳಲ್ಲಿ ಮೊದಲ ಸಲ ನಾಲ್ಕು ಜನರ ನಡುವೆ ಯಜಮಾನಿಯಂತೆ ನಿಂತಿದ್ದಳು. ಸಂಜಯ ಕಣ್ಣು ಮುಚ್ಚಿಕೊಂಡ. ಗೋಡೆಯ ಬಟನ್ ಟಪ್ಪೆಂದಿತು. ಸಂಗೀತ ನಿಂತಿತು. ಹೆಣದ ಎಡಗಣ್ಣಿನಿಂದ ಒಂದು ಹನಿ ಇಳಿದು ಪೌಡರಿನಲ್ಲಿ ಗೆರೆ ಎಳೆಯಿತು.

"ಆಯಿ ಗ, ಏನ್ ಆ್ಯಕ್ಟಿಂಗ್ ಮಾಡ್ತಾರ ನಿಮ್ಮವ್ರು" ಎಂದಳು ಸೋನಾಲಿ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೆಣವನ್ನು ಹೊರಸು ಎನ್ನುವ ಹಗ್ಗದ ಮಂಚದ ಮೇಲೆ ಹಾಕಿಕೊಂಡು ಹೊಸ್ತಿಲು ದಾಟಿಸಿ, ಅಂಗಳದಲ್ಲಿ ಎಮ್ಮೆ ಕಟ್ಟುವ ಗೂಟದ ಪಕ್ಕ ಇಟ್ಟರು. ಮಲ್ಲೇಶ ಒಂದು ಕಡೆ, ಸಂಭಾಜಿ ಇನ್ನೊಂದು ಕಡೆ ಹೊತ್ತಿದ್ದರು. ಹೆಣವನ್ನು ಒಂಟಿಯಾಗಿ ಬಿಡಬಾರದೆಂದು ಲಕ್ಕವ್ವ ತಾನೇ ಹೊರಸಿನ ಪಕ್ಕ ಚಾಪೆ ಹಾಸಿ ಕೂತಳು. ಒಳಗೆ ಊಟದ ತಾಟುಗಳ ಸದ್ದಾಯಿತು. ಶೇಂಗಾ ಹೋಳಿಗೆಯ ವಾಸನೆ ಹೊರತನಕ ಬಂತು.

ಸಂಜಯ ಆಕಾಶ ನೋಡುತ್ತ ಮಲಗಿದ. ಒಡಹುಟ್ಟಿದವರು ಹೋದರೂ ಇಷ್ಟು ಖಾಲಿ ಅನಿಸುತ್ತಿರಲಿಲ್ಲವೇನೋ. ಎಮ್ಮೆ ಅವನ ಕಾಲು ಮೂಸಿ, ಪ್ರಯೋಜನವಿಲ್ಲವೆಂದು ಮುಖ ತಿರುಗಿಸಿತು. ಆಗ, ದುಃಖದ ನಡುವೆಯೇ, ಅವನ ತಲೆಯಲ್ಲಿ ಒಂದು ಯೋಚನೆ ಮೊಳೆಯಿತು. ಅರ್ಧ ಮುಚ್ಚಿದ ಬಾಗಿಲ ಹಿಂದೆ ಸೊಳ್ಳೆಯಷ್ಟು ಸಣ್ಣಗೆ ಹಾಡುತ್ತಿದ್ದ ಟೀವಿ. ಕಿವಿಯ ಪಕ್ಕ ತಮಟೆ ಬಾರಿಸಿದರೂ ತಿರುಗದ ಅತ್ತೆ. ಅವಳಿಗೆ ಕೇಳಿದ್ದು ಹೇಗೆ?

ಯಾರೋ ಹೇಳಿದ್ದಾರೆ. ಸಂಭಾಜಿ. ಅವನಲ್ಲದೆ ಇನ್ಯಾರು? ಸಂಜಯ ಹಲ್ಲು ಕಡಿದ.

ಅಷ್ಟರಲ್ಲಿ ದಾನೇಶ್ವರಿ ತಾಟಿನಲ್ಲಿ ಎರಡು ಹೋಳಿಗೆ, ತುಪ್ಪ ಹಾಕಿಕೊಂಡು ಬಂದಳು.

"ಅತ್ತಿಗೆ ಕಿವಿ ಕೇಳಂಗಿಲ್ಲ" ಎಂದ ಹೆಣ, ತುಟಿ ಹೆಚ್ಚು ಅಲುಗಿಸದೆ.

"ಹೌದ್ರಿ."

"ಟೀವಿ ಸುದ್ದಿ ಯಾರ ಹೇಳಿದ್ರು ಆಕಿಗೆ? ಸಂಭ್ಯಾ ಹೌದಲ್ಲೊ?"

"ಅಲ್ಲ. ನಾ ಹೇಳೇನಿ. ಲೈಟ್ ಆರಿಸಿದಾಗ, ಸೋನಾಲಿ ಕಿರುಚೂ ಹೊತ್ನ್ಯಾಗ, ಕಿವ್ಯಾಗ ಬಾಯಿಟ್ಟ ಕೂಗೇನಿ."

ಸಂಜಯ ಬಾಯಿ ತೆರೆದ. ಅವಳು ಅದರಲ್ಲಿ ಹೋಳಿಗೆಯ ಒಂದು ತುಂಡು ಇಟ್ಟಳು.

ಅದನ್ನು ಅಗಿಯುತ್ತಿರುವಾಗ ಎಲ್ಲವೂ ಒಂದೊಂದಾಗಿ ಜೋಡಣೆಯಾಯಿತು. ಅತ್ತೆಯನ್ನು ಕರೆದದ್ದು ಯಾಕೆ, ತನ್ನನ್ನೇ ಹೆಣ ಮಾಡಿದ್ದು ಯಾಕೆ, ಏಳಬಾರದೆಂದು ಆಣೆ ಹಾಕಿಸಿದ್ದು ಯಾಕೆ. ಇಡೀ ಕಾಗವಾಡ ತಾಲೂಕಿನಲ್ಲಿ ಮೊದಲ ಕೊಲೆ ಊಟ ನಡೆದದ್ದೇ ಒಂದು ಬಟನ್ ಆರಿಸಲು.

"ಯಾಕ?" ಎಂದ ಅವನು, ನುಂಗಿದ ಮೇಲೆ.

ದಾನೇಶ್ವರಿ ಹೊರಸಿನ ಅಂಚಿಗೆ ಕೂತಳು. ದನಿ ಏರಲಿಲ್ಲ. "ಅಥಣ್ಯಾಗ ನಮ್ಮವ್ವನ ಕಣ್ಣಿನ ಆಪರೇಶನ್ ಆತು. ದ್ರಾಕ್ಷಿಗೆ ಔಷಧ ಹೊಡಿಯೂದೈತಿ ಅಂತ ನನ್ನೊಬ್ಬಾಕಿನ್ನ ಬಸ್ಸಿಗೆ ಹತ್ತಿಸಿದ್ರಿ. ಬಂದ ನೋಡ್ತೇನಿ, ಆ ದೀಪಾ ಕಾಯ್ಕೋತ ಕುಂತೀರಿ. ಅವ್ವ ಪಟ್ಟಿ ಬಿಚ್ಚಿದ ಕೂಡ್ಲೆ ಏನ ಕೇಳಿದ್ಳು ಗೊತ್ತೈತೇನ್ರಿ? 'ಅಳಿಯಾ ಎಲ್ಲಿ' ಅಂತ. ಹೊಸಾ ಕಣ್ಣೀಲೆ ಮೊದಲ ನಿಮ್ಮನ್ನ ನೋಡಬೇಕಂತ ಇದ್ಳು. ಜಗಳಾ ಮಾಡಿದ್ರ ನೀವ ಕೇಳಾವ್ರಲ್ಲ. ಅದಕ್ಕ ಕೊಲಿ ಮಾಡಿದ್ನಿ."

ಸಂಜಯನಿಗೆ ನಾಚಿಕೆಯಾಯಿತು. ನಿಜವಾಗಿಯೂ ಸತ್ತಿದ್ದರೆ ಚೆನ್ನಾಗಿತ್ತು ಅನಿಸುವಷ್ಟು ಆಯಿತು. "ನಾಳೆ ಅಥಣಿಗೆ ಹೋಗೂಣು" ಎಂದ.

"ಹೋಗೂಣ್ರಿ." ಅವಳು ಎದ್ದಳು. "ಮತ್ತ ಒಂದು. ನಾ ಅಷ್ಟ ಪಾಪಿ ಅಲ್ಲ. ನೀವು ಪೌಡರ್ ಹಚ್ಚಿಸ್ಕೊಳ್ಳಾಗ ಸಂಭಾಜಿಗೆ ಕೋಣ್ಯಾಗ ಕರದ ನಿಮ್ಮ ನಂಬರ್ ತೋರಿಸೇನಿ. ಕಣ್ಣ ಕಣ್ಣ ಬಿಟ್ಟ. ಅಂವ ನೋಡಿದ ಮ್ಯಾಲೇ ಆರಿಸೇನಿ."

ಅವಳು ಒಳಗೆ ಹೋದಳು. ಹೊರಸಿನ ಮೇಲೆ ಹೆಣಕ್ಕೆ ಹೋದ ಜೀವ ಬಂತು. ಸಂಭಾಜಿ ನೋಡಿದ್ದಾನೆ. ಕಣ್ಣಾರೆ ನೋಡಿದ್ದಾನೆ. ನಂಬರು ಹೋದರೇನು, ಸಾಕ್ಷಿ ಇದೆಯಲ್ಲ.

ಸಾಕ್ಷಿ ಕೈ ತೊಳೆಯಲು ತಾನೇ ಅಂಗಳಕ್ಕೆ ಬಂತು. ಸಂಭಾಜಿ ನೀರಿನ ಚರಿಗೆ ಕೆಳಗಿಟ್ಟು, ಪಂಚೆಗೆ ಕೈ ಒರೆಸಿಕೊಂಡು, ಹಿಂದೆ ಮುಂದೆ ನೋಡಿ ಹೊರಸಿನ ಮೇಲೆ ಬಗ್ಗಿದ.

"ಸಂಜ್ಯಾ, ಕಡೀ ತಿರುವಿನ್ಯಾಗ ಬ್ರೇಕ್ ಹಚ್ಚಿಲ್ಲಲಾ ನೀ?"

"ಇಲ್ಲ" ಎಂದ ಸಂಜಯ.

"ಹಚ್ಚಿದ್ರ ಆ ನಂಬರ್ ಬರಾಂಗಿಲ್ಲ. ನನ್ನ ಕೈಲೆ ಎಂದೂ ಆಗಿಲ್ಲ ಅದು. ನೀ ಗೆದ್ದಿ ಮಗನ." ಸಂಭಾಜಿ ಅವನ ಭುಜ ಹಿಡಿದು ಅಮುಕಿದ. ಇಷ್ಟು ವರ್ಷ ಕಾದದ್ದು ಇದೇ ಮಾತಿಗೆ. ಸಂಜಯನ ಬಲಗಣ್ಣೂ ತುಂಬಿತು.

"ಇದನ್ನ ಒಳಗ ನಾಕ ಮಂದಿ ಮುಂದ ಹೇಳೊ ಸಂಭ್ಯಾ."

ಸಂಭಾಜಿ ನೆಟ್ಟಗೆ ನಿಂತ. ಮುಖ ಗಂಭೀರವಾಯಿತು. "ಏನ ಹೇಳ್ಲಿ? ಸತ್ತಾವ್ರ ಜೋಡಿ ನಾ ಏನೂ ಮಾತಾಡಿಲ್ಲಪಾ."

ಅವನು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ ಅವನ ದನಿ ಕೇಳಿತು. "ಸತ್ತಾಂವ ಛೊಲೊ ಮನಶ್ಯಾ ಖರೆ, ಆದ್ರ ಒಂದ ಮಾತ ಹೇಳ್ತೇನಿ ಕೇಳ್ರಿ. ಸಾಲ್ಯಾಗಿದ್ದಾಗ ಇಂವನ ಕಾರು..." ಗಟಾರ ಬರುವ ಮೊದಲೇ ಜನ ನಗತೊಡಗಿದರು.

ಸಂಜಯ ಆಣೆಯನ್ನೂ ಮರೆತು ಹೊರಸಿನ ಮೇಲೆ ಎದ್ದು ಕೂತ. ಆಗ ಅವನಿಗೆ ನೆನಪಾಯಿತು: ಸಂಭಾಜಿ ಆ ಮಾತು ಆಡಿದಾಗ ತಾವಿಬ್ಬರೇ ಇರಲಿಲ್ಲ. ಸಾಕ್ಷಿಗೆ ಹಿರಿಯರೊಬ್ಬರು ಇದ್ದರು. ಇಡೀ ಊರು ಮಾತು ನಂಬುವಂಥ ಹಿರಿಯರು, ಹೊರಸಿನ ಮಗ್ಗುಲಲ್ಲೇ.

"ಅತ್ತೀ" ಎಂದು ಅವನು ಲಕ್ಕವ್ವನ ಕೈ ಹಿಡಿದ. "ಸಂಭ್ಯಾ ಈಗ ಅಂದದ್ದು ಕೇಳಿದಿ ಹೌದಲ್ಲೊ? ನಾ ಗೆದ್ದೇನಿ ಅಂದಾ. ಕೇಳಿದಿ?"

ಲಕ್ಕವ್ವ ಅವನ ಒದ್ದೆ ಮುಖ ನೋಡಿದಳು. ಸೆರಗಿನಿಂದ ಪೌಡರು ಒರೆಸಿದಳು. ಭುಜ ಹಿಡಿದು ಮೆಲ್ಲಗೆ ಅವನನ್ನು ಮತ್ತೆ ಮಲಗಿಸಿದಳು.

"ಚಿಂತಿ ಮಾಡಬ್ಯಾಡೊ ತಮ್ಮಾ, ನೀ ಹಗೂರ್ಕ ಹೋಗು" ಎಂದಳು. "ಟೀವಿ ಬಂದ್ ಮಾಡೇನಿ."