ಕನ್ನಡಕದ ಹಣೆಗೆ ಕುಂಕುಮ

ಮೂಡಲಪಾಳ್ಯದ ಶ್ರೀ ಪಟಾಲಮ್ಮ ಜನಹಿತ ಆಸ್ಪತ್ರೆಯಲ್ಲಿ ಕಳೆದ ಆಯುಧಪೂಜೆಯಿಂದ ಈಚೆಗೆ ಸೂಜಿ ಚುಚ್ಚಿಸಿಕೊಂಡ ಯಾವೊಬ್ಬ ರೋಗಿಯಲ್ಲಿಯೂ ಯಾವುದೇ ರೋಗ ಪತ್ತೆಯಾಗಿರುವುದಿಲ್ಲ. ಇದು ದಾಖಲೆ. ಆಸ್ಪತ್ರೆಯ ಕಚೇರಿ ಅಧೀಕ್ಷಕನಾದ ನಾನೇ ಸಹಿ ಹಾಕಿದ್ದೇನೆ. ಹೀಗಿದ್ದೂ ಚಂದ್ರಾ ಲೇಔಟಿನ ಕಡೆ ಕೆಲವರು ಏನೇನೋ ಆಡಿಕೊಳ್ಳುತ್ತಿದ್ದಾರಂತೆ. ಆಡಿಕೊಳ್ಳಲಿ ಬಿಡಿ, ಊರ ಬಾಯಿಗೆ ಬೀಗ ಹಾಕೋಕಾಗುತ್ತಾ? ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುವುದು ನನ್ನ ಕರ್ತವ್ಯ.

ಎರಡು ಸಾವಿರದ ಎಂಟರಲ್ಲಿ ನಮ್ಮ ಅಧ್ಯಕ್ಷರಾದ ದೇವೇಂದ್ರಪ್ಪನವರು ತಮ್ಮ ಷಡ್ಡಕನ ಕಂಪನಿಯಿಂದ ಒಂದು ಕನ್ನಡಕ ತರಿಸಿದರು. ಪರದೇಶದಲ್ಲೇ ಇನ್ನೂ ಪರೀಕ್ಷೆಯಲ್ಲಿದ್ದ ಸಾಮಾನು ಅದು. ಕಣ್ಣೆರಡನ್ನೂ ಪೂರ್ತಿ ಮುಚ್ಚುತ್ತದೆ, ಅದರ ಹಣೆಯ ಮೇಲೆ ಪುಟ್ಟದೊಂದು ಕ್ಯಾಮೆರಾ ಇರುತ್ತದೆ, ಹಾಕಿಕೊಂಡವರಿಗೆ ಕ್ಯಾಮೆರಾ ಕಂಡದ್ದೇ ಕಾಣುವುದು. ಡಾಕ್ಟರು ಅದನ್ನು ಹಾಕಿಕೊಂಡು ರೋಗಿಯನ್ನು ನೋಡಿದರೆ, ಸ್ಕ್ಯಾನಿಂಗಿನಲ್ಲಿ ಸಿಕ್ಕ ಒಳಗಿನ ಚಿತ್ರ ರೋಗಿಯ ಮೈಮೇಲೆಯೇ ಬಂದು ಕೂರುತ್ತದೆ. ಒಳಗಿನ ನೀರು, ಕೀವು ತೆಗೆದು ನೋಡುವ ಸೂಜಿ ಎಲ್ಲಿ ಹೋಗಬೇಕೋ ಅಲ್ಲಿ ಒಂದು ಕೆಂಪು ಚುಕ್ಕೆ ಕಾಣುತ್ತದೆ. ಚುಕ್ಕೆಗೆ ಚುಚ್ಚಿದರಾಯಿತು. ಇನ್ನು ಮುಂದೆ ಕನ್ನಡಕವಿಲ್ಲದೆ ಯಾರೂ ಯಾರಿಗೂ ಸೂಜಿ ಹಾಕತಕ್ಕದ್ದಲ್ಲವೆಂದು ಆಡಳಿತ ಮಂಡಳಿ ಅಂದೇ ನಿರ್ಣಯಿಸಿತು. ಕನ್ನಡಕ ಶುಲ್ಕ ಅಂತ ಒಂದು ಹೊಸ ಶುಲ್ಕವೂ ಜಾರಿಗೆ ಬಂತು.

ಬೇಸಿಗೆಯಿಡೀ ಕನ್ನಡಕ ಚೆನ್ನಾಗಿಯೇ ಕೆಲಸ ಮಾಡಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಆಯುಧಪೂಜೆ ಬಂತು. ನಮ್ಮ ಆಯಾ ಮುನಿತಾಯಮ್ಮ ಆಸ್ಪತ್ರೆಯ ಸಮಸ್ತ ಯಂತ್ರಗಳನ್ನೂ ತೊಳೆದು ಒರೆಸಿ ಸಾಲಾಗಿ ಜೋಡಿಸಿದಳು. ಆಂಬುಲೆನ್ಸಿಗೆ ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ತೂಕದ ಯಂತ್ರದಿಂದ ಹಿಡಿದು ನನ್ನ ಸ್ಟೇಪ್ಲರಿನವರೆಗೆ ಎಲ್ಲದಕ್ಕೂ ಅರಿಶಿನ ಕುಂಕುಮ ಇಟ್ಟಳು. ಕನ್ನಡಕಕ್ಕೂ ಇಟ್ಟಳು. ಎಲ್ಲಿ ಇಡಬೇಕಿತ್ತು ಹೇಳಿ, ಹಣೆಗೆ ತಾನೆ? ಕುಂಕುಮವನ್ನು ಗಂಧದಲ್ಲಿ ಗಟ್ಟಿಯಾಗಿ ಕಲಸಿದ್ದಳು, ಎರಡೇ ದಿನಕ್ಕೆ ಉದುರಿಹೋಗಬಾರದು ಅಂತ.

ಮಾರನೆಯ ವಾರ ಬಂದವನು ದ್ಯಾಮಪ್ಪ. ಗದಗಿನ ಕಡೆಯವನು, ಹೆಗ್ಗನಹಳ್ಳಿಯಲ್ಲಿ ಬಾಡಿಗೆಗಿದ್ದಾನೆ, ಬಸವೇಶ್ವರನಗರದ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಾನೆ. ಗೇಟಿನವನು ಕೂತರೆ ಒಳಗಿನವರ ಮರ್ಯಾದೆ ಹೋಗುತ್ತದೆಂದು ಅಲ್ಲಿ ಕುರ್ಚಿ ಕೊಡುವುದಿಲ್ಲ. ನಿಂತೂ ನಿಂತೂ ಅವನ ಬಲಗಾಲಿನ ಮೊಣಕಾಲಿನಲ್ಲಿ ನೀರು ತುಂಬಿಕೊಂಡಿತ್ತು. ಕಾಲು ಸರಿ ಇದೆಯೆಂದು ಡಾಕ್ಟರ ಕಾಗದ ತಂದರೆ ಕೆಲಸ, ಇಲ್ಲದಿದ್ದರೆ ಬರಲೇಬೇಡ ಅಂತ ಸೆಕ್ಯುರಿಟಿ ಏಜೆನ್ಸಿಯವರು ಹೇಳಿದ್ದರು. ಹೆಂಡತಿ ಕಸ್ತೂರೆವ್ವನ ಹೆಗಲಿಗೆ ಕೈಹಾಕಿಕೊಂಡು ಕುಂಟುತ್ತಾ ಬಂದ. ನೋಡಿದರೆ ಅಯ್ಯೋ ಪಾಪ ಅನ್ನಿಸುವಂತಿದ್ದ, ನನಗೂ ಅನ್ನಿಸಿತು.

ಡಾಕ್ಟರ್ ಸಂಘಮಿತ್ರಾ ಅಂತ, ಚಿಕ್ಕ ವಯಸ್ಸು, ಒಳ್ಳೆಯ ಹುಡುಗಿ, ಸ್ವಲ್ಪ ಆತುರ. ಕನ್ನಡಕ ಹಾಕಿಕೊಂಡು ಅವನ ಬಲ ಮೊಣಕಾಲನ್ನು ನೋಡಿದರು. ಬಲ ಮೊಣಕಾಲಿನ ಮೇಲೆ ಒಂದು ಸಣ್ಣ ಚುಕ್ಕೆ ಕಂಡಿತು. ಎಡ ಮೊಣಕಾಲಿನ ಮೇಲೆ ದುಂಡಗೆ, ಲಕ್ಷಣವಾಗಿ, ಇನ್ನೊಂದು ದೊಡ್ಡ ಚುಕ್ಕೆ ಕಂಡಿತು. ಕನ್ನಡಕ ತೆಗೆದು ನೋಡಿ, ಕ್ಯಾಮೆರಾಗೆ ಕುಂಕುಮ ಮೆತ್ತಿಕೊಂಡಿದೆ, ಒರೆಸಿಬಿಡ್ತೀನಿ ಅಂತ ಹತ್ತಿಗೆ ಸ್ಪಿರಿಟ್ ಹಾಕಿದರು. ಮುನಿತಾಯಮ್ಮ ಅಡ್ಡ ಬಂದು ನಿಂತಳು. ಪೂಜೆಯ ಕುಂಕುಮ ತಾನಾಗಿ ಉದುರಬೇಕೇ ಹೊರತು ಒರೆಸುವ ಪದ್ಧತಿ ಇಲ್ಲ, ಅದೂ ಮಂಗಳವಾರ, ಅದೂ ಸ್ಪಿರಿಟ್ಟಿನಲ್ಲಿ ಅಂದಳು. ಅವಳ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಕಂಪನಿಗೆ ಫೋನ್ ಮಾಡಿದೆ. ಕುಂಕುಮ ತಮ್ಮ ವಾರಂಟಿಯಲ್ಲಿ ಬರುವುದಿಲ್ಲ, ಬೇರೆಯವರು ಕ್ಯಾಮೆರಾ ಮುಟ್ಟಿದರೆ ವಾರಂಟಿಯೇ ಇರುವುದಿಲ್ಲ ಅಂದರು. ಅಲ್ಲಿಗೆ ಧರ್ಮವೂ ಕಂಪನಿಯೂ ಒಂದೇ ಮಾತಾಡಿದ ಹಾಗಾಯಿತು.

"ಸಾರ್, ಮೊಣಕಾಲು ಇಷ್ಟು ದಪ್ಪ ಊದಿದೆ, ಕಣ್ಣಿಗೇ ಕಾಣ್ತಾ ಇದೆಯಲ್ಲ ಸಾರ್," ಅಂದರು ಡಾಕ್ಟರು.

"ಕಣ್ಣಿಗೆ ಕಾಣೋ ಹಾಗಿದ್ರೆ ಕನ್ನಡಕ ಯಾಕೆ ತರಿಸ್ತಿದ್ವಿ ಡಾಕ್ಟ್ರೇ?" ಅಂದೆ.

ಮಧ್ಯಾಹ್ನದೊಳಗೆ ಸುತ್ತೋಲೆ ಹೊರಬಿತ್ತು:

"ಈ ಮೂಲಕ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಕನ್ನಡಕದಲ್ಲಿ ಎರಡು ಚುಕ್ಕೆಗಳು ಕಂಡುಬಂದ ಪಕ್ಷದಲ್ಲಿ ದೊಡ್ಡ ಚುಕ್ಕೆಯನ್ನೇ ಅಧಿಕೃತವೆಂದು ಪರಿಗಣಿಸತಕ್ಕದ್ದು. ಸಣ್ಣ ಚುಕ್ಕೆಯ ಪರವಾಗಿ ಯಾರೂ ಶಿಫಾರಸು ತರಕೂಡದು. ಕತ್ತು ತಿರುಗಿಸಿ ದೊಡ್ಡ ಚುಕ್ಕೆಯನ್ನು ತಮಗೆ ಬೇಕಾದ ಜಾಗಕ್ಕೆ ತಂದುಕೊಳ್ಳುವುದು ದುರ್ನಡತೆ ಎನಿಸಿಕೊಳ್ಳುತ್ತದೆ."

ಬೇರೆ ಆಸ್ಪತ್ರೆಗೆ ಹೋಗು ಅಂತ ಡಾಕ್ಟರು ದ್ಯಾಮಪ್ಪನಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಅವನಿಗೆ ರಜೆ ಎಲ್ಲಿಯದು? ಚುಕ್ಕಿ ಎಡಕ್ಕಿದ್ದರೆ ಎಡಕ್ಕೇ ಚುಚ್ಚಿ, ನನಗೆ ಕಾಗದ ಕೊಟ್ಟರೆ ಸಾಕು ಅಂದ. ಚುಚ್ಚಿದರು. ಎಡ ಮೊಣಕಾಲಿನಲ್ಲಿ ನೀರು ಬರಲಿಲ್ಲ, ಎಲ್ಲಿಂದ ಬರಬೇಕು. "ನೀರು ಇಲ್ಲ, ಮೊಣಕಾಲು ಆರೋಗ್ಯವಾಗಿದೆ" ಎಂದು ಷರಾ ಬರೆದು ಕಾಗದ ಕೊಟ್ಟೆವು.

ಆಮೇಲಿನ ದಿನಗಳಲ್ಲಿ ಬಂದವರಿಗೆಲ್ಲ ಫಲಿತಾಂಶ ಇದೇ ರೀತಿ ಉತ್ತಮವಾಗಿತ್ತು. ಬಲ ಕತ್ತಿನಲ್ಲಿ ಗಂಟಿದ್ದವರಿಗೆ ಎಡ ಕತ್ತಿನಲ್ಲಿ ಏನೂ ಸಿಗಲಿಲ್ಲ. ಎಡಗಡೆಯೇ ನೋವಿದ್ದವರಿಗೆ ಚುಕ್ಕೆ ಇನ್ನೂ ಎಡಕ್ಕೆ ಸರಿದು ಹಾಸಿಗೆಯ ಮೇಲೆ ಬೀಳುತ್ತಿತ್ತು, ಹಾಸಿಗೆಯಲ್ಲೂ ಏನೂ ಸಿಗಲಿಲ್ಲ. ಇಡೀ ಪಶ್ಚಿಮ ಬೆಂಗಳೂರಿನಲ್ಲಿ ಇಷ್ಟು ಆರೋಗ್ಯವಂತ ರೋಗಿಗಳಿರುವ ಆಸ್ಪತ್ರೆ ಇನ್ನೊಂದಿಲ್ಲವೆಂದು ದೇವೇಂದ್ರಪ್ಪನವರಿಗೆ ವಿಜಯನಗರದಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದರು. ಮೈಸೂರು ಪೇಟ ಅವರಿಗೆ ಚೆನ್ನಾಗಿಯೇ ಒಪ್ಪಿತು.

ಆದರೆ ದ್ಯಾಮಪ್ಪ ವಾಪಸ್ ಬಂದ. ಕಾಗದ ನೋಡಿ ಏಜೆನ್ಸಿಯವರು ಗೇಟಿಗೆ ನಿಲ್ಲಿಸಿದರಂತೆ, ಅವನು ಗೇಟಿಗೇ ಒರಗಿಕೊಂಡನಂತೆ, ಯಾರದೋ ಕಾರು ಬಂದಾಗ ಗೇಟಿನ ಜೊತೆ ತಾನೂ ತೆರೆದುಕೊಂಡು ಬಿದ್ದನಂತೆ. ಆರೋಗ್ಯವಂತನಾಗಿದ್ದೂ ಬಿದ್ದದ್ದು ಅಶಿಸ್ತು ಎಂದು ಕೆಲಸದಿಂದ ತೆಗೆದರು. ಕಸ್ತೂರೆವ್ವ ನನ್ನ ಮೇಜಿನ ಮುಂದೆ ಕೂತು ಅತ್ತಳು. ನಾನೇ ಒಂದು ಲೋಟ ನೀರು ತರಿಸಿಕೊಟ್ಟೆ. ನಾವೇನು ಕಲ್ಲಲ್ಲ ನೋಡಿ.

ಅದೇ ಹೊತ್ತಿಗೆ ಡಾಕ್ಟರು ಪದೇ ಪದೇ ಹತ್ತಿ ಹಿಡಿದು ಕನ್ನಡಕದ ಹತ್ತಿರ ಸುಳಿದಾಡುತ್ತಿದ್ದರಿಂದ, ಆಡಳಿತ ಮಂಡಳಿ ಕುಂಕುಮ ರಕ್ಷಕ ಎಂಬ ಹುದ್ದೆ ಸೃಷ್ಟಿಸಿತ್ತು. ಕನ್ನಡಕದ ಪಕ್ಕ ಕುರ್ಚಿ ಹಾಕಿಕೊಂಡು ಕೂರುವ ಕೆಲಸ. ನಿಲ್ಲಲಾಗದವರನ್ನು ನೇಮಿಸಿಕೊಂಡರೆ ಸರ್ಕಾರದಿಂದ ಸಹಾಯಧನ ಬರುತ್ತದೆಂದು ಅಧ್ಯಕ್ಷರಿಗೆ ಯಾರೋ ಹೇಳಿದ್ದರು. ಹಾಗಾಗಿ ಹುದ್ದೆಯನ್ನು ಕಾಲು ಊನವಿದ್ದವರಿಗೆ ಮೀಸಲಿಟ್ಟರು. ದ್ಯಾಮಪ್ಪನನ್ನೇ ಕೂರಿಸೋಣ ಅಂದೆ. ಅವನ ಕಾಲು ಸರಿಯಿದೆ ಅಂತ ನಾವೇ ಬರೆದುಕೊಟ್ಟಿದ್ದೆವಲ್ಲ ಅನ್ನುವ ತೊಡಕು ಬಂತು. ನಾನೇ ಬಿಡಿಸಿದೆ: ಚಿಕಿತ್ಸೆಗೆ ಕನ್ನಡಕ ಬೇಕು, ನೇಮಕಾತಿಗೆ ಬರಿಗಣ್ಣು ಸಾಕು. ಮಂಡಳಿ ಬರಿಗಣ್ಣಿನಿಂದ ಅವನ ಮೊಣಕಾಲು ನೋಡಿ, ಎಷ್ಟು ಊದಿದೆ ಎಂದು ಸಂತೋಷಪಟ್ಟು ಆದೇಶ ಕೊಟ್ಟಿತು. ಊತ ಇಳಿದ ದಿನ ನೌಕರಿಯೂ ಇಳಿಯುತ್ತದೆ ಎಂಬ ಷರತ್ತು ಮಾತ್ರ ಇತ್ತು.

ಒಂದು ಬೆಳಿಗ್ಗೆ ಹೊರಗಡೆ ರೋಗಿಗಳು ಸಾಲಾಗಿ ಕೂತಿದ್ದರು. ಡಾಕ್ಟರು ಹತ್ತಿ ಹಿಡಿದು ಒಳಗೆ ಬಂದರು. ನಾನು ಅಲ್ಲೇ ಬೀರುವಿನ ಹಿಂದೆ ಇದ್ದೆ.

"ದ್ಯಾಮಪ್ಪ, ಒಂದ್ನಿಮಿಷ ಆ ಕಡೆ ನೋಡು. ಒರೆಸಿಬಿಡ್ತೀನಿ. ಮೊದಲು ನಿನ್ನ ಮೊಣಕಾಲಿನ ನೀರೇ ತೆಗೀತೀನಿ. ನಾಳೆಯಿಂದ ಆರಾಮಾಗಿ ನಡೀಬಹುದು."

ದ್ಯಾಮಪ್ಪ ತನ್ನ ಮೊಣಕಾಲು ನೋಡಿಕೊಂಡ. ಕೂತಿದ್ದ ಕುರ್ಚಿಯ ಕೈಯನ್ನು ಸವರಿದ. ಆಮೇಲೆ ಗೋಡೆ ಹಿಡಿದು, ಹಲ್ಲು ಕಚ್ಚಿ, ನಿಧಾನಕ್ಕೆ ಎದ್ದು ಕನ್ನಡಕಕ್ಕೂ ಡಾಕ್ಟರಿಗೂ ನಡುವೆ ನಿಂತ.

"ಬ್ಯಾಡ್ರಿ ಮೇಡಮ್ಮಾರ," ಅಂದ. "ನಡ್ಯಾಕ ಬಂತಂದ್ರ ಮತ್ತ ನಿಂದ್ರಸ್ತಾರ್ರಿ."

ಡಾಕ್ಟರು ಹತ್ತಿಯನ್ನು ಕಸದ ಬುಟ್ಟಿಗೆ ಹಾಕಿ, ಕನ್ನಡಕ ಏರಿಸಿಕೊಂಡು, ಮುಂದಿನವರನ್ನು ಕರೆದರು. ಶಿವಕ್ಕ ಅಂತ ಒಬ್ಬ ಹೆಂಗಸು ಬಂದಳು, ಬಲ ಮೊಣಕೈ ಊದಿ ಕೆಂಪಗಾಗಿತ್ತು. ಯಾರೂ ಏನೂ ಹೇಳುವ ಮೊದಲೇ ಅವಳು ಸ್ಟೂಲಿನ ಮೇಲೆ ಕೂತು, ರವಿಕೆಯ ಎಡತೋಳು ಮೇಲಕ್ಕೆ ಮಡಿಸಿ ಎಡಗೈಯನ್ನು ಮುಂದಕ್ಕೆ ಚಾಚಿದಳು.