ಗುರು ಇಲ್ಲೀವರ್ಗೂ ಬಂತು

ಇವರ ಹೆಸರನ್ನು ನಾನು ಹೇಳುವುದಿಲ್ಲ. ಹೆದರಿಕೆಯಿಂದಲ್ಲ, ಹೇಳಿದರೆ ಅವರೇ ಹುಡುಕಿಕೊಂಡು ಬಂದು ಅದರ ಮೇಲೆ ನಾಲ್ಕು ನಕ್ಷತ್ರ ಹಾಕಿ ಮುಚ್ಚಿಬಿಡುತ್ತಾರೆ! ಇಂದಿರಾನಗರದ ನಮ್ಮ ಆಫೀಸಿನಲ್ಲಿ ಇಪ್ಪತ್ತಾರು ಜನರಿದ್ದೇವೆ. ಇಪ್ಪತ್ತೈದು ಜನ ಮಾತಾಡುತ್ತೇವೆ, ಒಬ್ಬರು ವರದಿ ಒಪ್ಪಿಸುತ್ತಾರೆ. ಆ ಒಬ್ಬರನ್ನು ನಾವೆಲ್ಲ ‘ಸರ್’ ಎನ್ನುತ್ತೇವೆ.

ಸಣ್ಣಪುಟ್ಟ ಕ್ಲಿನಿಕ್ಕುಗಳಲ್ಲಿ ಡಾಕ್ಟರ ಭೇಟಿಗೆ ಹೊತ್ತು ಗೊತ್ತುಮಾಡುವ ಆ್ಯಪ್ ನಮ್ಮದು. ಆ್ಯಪ್ ತಾನು ಮಾಡಿದ ಪ್ರತಿಯೊಂದು ಕೆಲಸವನ್ನೂ ಒಂದೊಂದು ಸಾಲಿನಲ್ಲಿ ಬರೆದಿಡುತ್ತದೆ: ಇಷ್ಟು ಹೊತ್ತಿಗೆ, ಇಂಥವರು, ಇಂಥದ್ದು ಮಾಡಿದರು, ಆಯಿತು ಅಥವಾ ಆಗಲಿಲ್ಲ. ಇದಕ್ಕೆ ಲಾಗ್ ಎನ್ನುತ್ತಾರೆ. ಈ ಸಾಲುಗಳನ್ನೆಲ್ಲ ಪುಣೆಯಲ್ಲಿರುವ ಒಂದು ಕಾವಲು ಕಂಪನಿಗೆ ಕಳಿಸಬೇಕು. ಅಲ್ಲಿ ಹಗಲೂ ರಾತ್ರಿ ಕೂತವರು ಅವನ್ನು ನೋಡುತ್ತಾ, ಕಳ್ಳ ನುಗ್ಗಿದ ಅನುಮಾನ ಬಂದರೆ ಕೂಗುತ್ತಾರೆ. ಹೀಗೆ ಕಳಿಸುವ ಕೆಲಸ ಸರ್ ಅವರದು. ಕೆಲಸ ಎಂದೆನೇ? ಅದು ಅವರಿಗೆ ಹತ್ತಿಕೊಂಡ ಹುಚ್ಚು!

ತಡವಾಗಿ ಬಂದ ದಿನ ನಾವೆಲ್ಲ ಟ್ರಾಫಿಕ್ಕಿನ ಮೇಲೆ ಹಾಕುತ್ತೇವೆ. ಸರ್ ಬಾಗಿಲಲ್ಲೇ ನಿಂತು ಹೇಳುತ್ತಾರೆ: “ಒಂಬತ್ತು ನಲವತ್ತೆರಡು, ಲಿಫ್ಟು, ನಾನು, ಫೇಲ್. ಒಂಬತ್ತು ನಲವತ್ತಾರು, ಮೆಟ್ಟಿಲು, ನಾನು, ಸಕ್ಸಸ್. ಉಸಿರು, ವಾರ್ನಿಂಗ್.”

ಅವರ ಮನೆ ರಿಚರ್ಡ್ಸ್ ಟೌನಿನಲ್ಲಿ, ಮನೆಮಾತು ದಖ್ಖನಿ. ಒಂದು ದಿನ ಮನೆಯವರು ಫೋನ್ ಮಾಡಿ ಹಾಲು ಒಡೆದುಹೋಯಿತು ಎಂದರು. ಸರ್ ಗಂಭೀರವಾಗಿ, “ಇನ್ಫೋ ಹೈ ಕಿ ವಾರ್ನಿಂಗ್?” ಎಂದು ಕೇಳಿದರು. ಬರೀ ಸುದ್ದಿಯೋ ಎಚ್ಚರಿಕೆಯೋ ಎಂದು. “ಘರ್ ಕು ಆಓ, ಬತಾತ್ಯೂಂ” ಎಂಬ ಉತ್ತರ ನಾಲ್ಕು ಮೇಜಿನಾಚೆ ಕೂತ ನನಗೂ ಕೇಳಿಸಿತು. ಮನೆಗೆ ಬನ್ನಿ ಹೇಳ್ತೀನಿ ಎಂಬ ಆ ದನಿ ಇನ್ಫೋದ್ದೂ ಅಲ್ಲ, ವಾರ್ನಿಂಗಿನದ್ದೂ ಅಲ್ಲ. ಸರ್ ಅಂದು ಐದೂವರೆಗೇ ಎದ್ದು ಹೋದರು.

ಲಾಗಿನ ಸಾಲುಗಳಲ್ಲಿ ಗಂಟೆ ನಮ್ಮ ಲೆಕ್ಕದ್ದಲ್ಲ, ಲಂಡನ್ ಕಡೆಯ ಲೆಕ್ಕದ್ದು. ಐದೂವರೆ ಗಂಟೆ ಹಿಂದೆ. ಪ್ರತಿ ಸಲ ಕೂಡಿಸಿ ಕಳೆದು ಬೇಸತ್ತ ಸರ್ ಒಂದು ದಿನ ಗೋಡೆ ಗಡಿಯಾರವನ್ನೇ ಐದೂವರೆ ಗಂಟೆ ಹಿಂದಕ್ಕೆ ತಿರುಗಿಸಿಬಿಟ್ಟರು. ಮಧ್ಯಾಹ್ನ ಒಂದು ಗಂಟೆಗೆ ನೆಲ ಒರೆಸುವ ಸೆಲ್ವಿಯಮ್ಮ ತಲೆಯೆತ್ತಿ ನೋಡಿದರು. “ಸಾರು, ಟೈಮು ಇನ್ನೂ ಏಳೂವರೆ ತಾನೆ? ನಂದು ಡ್ಯೂಟಿ ಒಂಬತ್ತಕ್ಕೆ. ಮನೆಗೆ ಹೋಗ್ಬಿಟ್ಟು ಬರ್ತೀನಿ” ಎಂದವರೇ ಬಕೆಟ್ಟನ್ನು ಅಲ್ಲೇ ಬಿಟ್ಟು ಹೋದರು. ಆ ದಿನ ಮತ್ತೆ ಬರಲಿಲ್ಲ. ಅವರ ತಪ್ಪೇನಿದೆ ಹೇಳಿ!

ಇನ್ನು ನಕ್ಷತ್ರದ ವಿಷಯ. ಸಾಲುಗಳನ್ನು ಹೊರಗೆ ಕಳಿಸುವ ಮುಂಚೆ ರೋಗಿಗಳ ಹೆಸರು, ಫೋನ್ ನಂಬರಿನ ಮೇಲೆ ನಕ್ಷತ್ರದ ಗುರುತು ಹಾಕಿ ಮುಚ್ಚಬೇಕು. ಸರಿಯಾದ ನಿಯಮವೇ. ಆದರೆ ಸರ್ ಟೀ ಕುಡಿಯುತ್ತಾ ಕಥೆ ಹೇಳುವಾಗಲೂ ಮುಚ್ಚುತ್ತಾರೆ. “ನಮ್ಮ ಸ್ಟಾರ್ ಸ್ಟಾರ್ ಇದಾರಲ್ಲ, ಅವರ ತಮ್ಮ ಸ್ಟಾರ್ ಸ್ಟಾರ್ ಊರಿಗೆ ಹೋಗಿ ಸ್ಟಾರ್ ಸ್ಟಾರ್ ಮಾಡ್ಕೊಂಡ್ರಂತೆ.” ಮದುವೆಯೋ ಆಪರೇಷನ್ನೋ? ಕೇಳುವವರಿಗೆ ಇವತ್ತಿಗೂ ಗೊತ್ತಿಲ್ಲ.

ಇಂಥವರ ಕೈಕೆಳಗೆ ನಾನು ಬಂದು ಸೇರಿದೆ. ಜೋಗುಪಾಳ್ಯದಲ್ಲಿ ಹುಟ್ಟಿ ಬೆಳೆದವಳು, ‘ಗುರು’, ‘ಮಗಾ’ ಇಲ್ಲದೆ ಒಂದು ಮಾತೂ ಹೊರಡದ ಬಾಯಿ ನನ್ನದು. ಆರು ತಿಂಗಳು ಪರೀಕ್ಷೆಯ ಅವಧಿ, ಆಮೇಲೆ ಕೆಲಸ ಖಾಯಂ. ನಮ್ಮ ಆ್ಯಪನ್ನು ಹೊಸದಾಗಿ ಬರೆಯುವ ಕೆಲಸ ನನಗೆ ಬಂತು. ಪ್ರೋಗ್ರಾಂ ಬರೆಯುವಾಗ ಅದು ಎಲ್ಲಿಯವರೆಗೆ ಸರಿಯಾಗಿ ಓಡಿತು ಎಂದು ತಿಳಿಯಲು ನಡುನಡುವೆ ಗುರುತಿನ ಸಾಲು ಹಾಕುವುದುಂಟು. ಬೇರೆಯವರು ‘ಹಂತ ಒಂದು’, ‘ಹಂತ ಎರಡು’ ಎಂದು ಬರೆಯುತ್ತಾರೆ. ನಾನು ಇಂಗ್ಲಿಷ್ ಅಕ್ಷರದಲ್ಲಿ ನನ್ನ ಬಾಯಿಗೆ ಬಂದದ್ದನ್ನೇ ಬರೆದಿದ್ದೆ: ‘ಗುರು ಇಲ್ಲೀವರ್ಗೂ ಬಂತು.’ ‘ಮಗಾ ಒಳಗ್ ಹೋಯ್ತು.’ ಕೆಟ್ಟು ನಿಂತರೆ ‘ಗುರು ಎದ್ದೋಯ್ತು.’ ತೆಗೆಯಬೇಕಿತ್ತು. ಮರೆತೆ.

ಕೆಲವು ವಾರ ಆಫೀಸಿನೊಳಗೇ ಓಡಿಸಿ ನೋಡಿದ ಮೇಲೆ, ಹೊಸ ಆ್ಯಪಿನ ಲಾಗು ಪುಣೆಗೆ ಹರಿಯತೊಡಗಿದ ಮೊದಲನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಫೋನ್ ಬಂತು. ನಾನೇ ಎತ್ತಿದೆ.

“ಮೇಡಂ, ಯೇ ಗುರು ಕೌನ್ ಹೈ?”

ಯಾವ ಗುರು ಎಂದೆ. ಅಲ್ಲಿದ್ದವನು ಒಂದೇ ಉಸಿರಿನಲ್ಲಿ ಹೇಳಿದ: ಗುರು ಎಂಬಾತ ನಿಮ್ಮ ಎಲ್ಲ ಕ್ಲಿನಿಕ್ಕುಗಳಿಗೂ ನುಗ್ಗಿದ್ದಾನೆ, ಅವನಿಗೆ ಖಾತೆಯೇ ಇಲ್ಲ, ಪಾಸ್‌ವರ್ಡೂ ಇಲ್ಲ. ಆ ಸಾಲುಗಳನ್ನು ಅನುವಾದದ ಯಂತ್ರಕ್ಕೆ ಹಾಕಿ ನೋಡಿದ್ದೇವೆ, ‘ಗುರು ಇಲ್ಲಿಯವರೆಗೆ ಬಂದಿದ್ದಾನೆ, ಮಗ ಒಳಗೆ ಹೋಗಿದ್ದಾನೆ’ ಎಂದು ಬಂತು. ಅಪ್ಪ ಮಗ ಸೇರಿ ಮಾಡುತ್ತಿರುವ ಕೆಲಸ, ಎಲ್ಲವನ್ನೂ ಬಂದ್ ಮಾಡಿಸಿದ್ದೇವೆ!

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ಗಂಟೆ ಹೊತ್ತು ಒಂದು ಕ್ಲಿನಿಕ್ಕಿನಲ್ಲೂ ಡಾಕ್ಟರ ಭೇಟಿಯ ಚೀಟಿ ಸಿಗಲಿಲ್ಲ. ಹಲಸೂರಿನ ಒಂದು ಕ್ಲಿನಿಕ್ಕಿನಲ್ಲಿ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ರಸ್ತೆವರೆಗೂ ಸಾಲು ನಿಂತಿದ್ದರು ಎಂದು ಕೇಳಿದಾಗ ನಗು ಸತ್ತುಹೋಯಿತು. ನನ್ನ ಕೆಲಸ ಖಾಯಂ ಆಗಲು ಒಂಬತ್ತು ದಿನ ಬಾಕಿಯಿತ್ತು. ಆಯಿತು, ಇನ್ನು ಮನೆಗೆ ಹೋಗುವುದೇ ಎಂದುಕೊಂಡೆ.

ಸಂಜೆ ಮ್ಯಾನೇಜರು ನಮ್ಮಿಬ್ಬರನ್ನೂ ಕರೆದರು. “ಯಾರ್ರೀ ಬರೆದಿದ್ದು ಇದನ್ನ?”

ನಾನು ಬಾಯಿ ತೆರೆಯುವ ಮುಂಚೆ ಸರ್ ಶುರುಮಾಡಿದರು. “ಬರೆದಿದ್ದು ಈ ಹುಡುಗಿ. ಓದಿ ಕಳಿಸಿದ್ದು ನಾನು.”

ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು ಇವರಿಗೆ ಎಂದು ಸಿಟ್ಟು ಬಂತು.

“ನೀವು ಒಂದು ಕಾಮಾ ಬಿಡೋರಲ್ಲ” ಎಂದರು ಮ್ಯಾನೇಜರು. “ಇದು ಕಣ್ಣಿಗೆ ಬೀಳಲಿಲ್ವಾ?”

“ಬಿತ್ತು. ಮೂರು ವಾರದ ಹಿಂದೇನೇ ನೋಡಿದೀನಿ. ತೆಗೆಸೋದು ನನ್ನ ಕೆಲಸ. ಗೊತ್ತಿದ್ದೂ ಬಿಟ್ಟೆ. ರಿಪೋರ್ಟಲ್ಲಿ ಹಾಗೇ ಬರೀರಿ.”

“ಸರ್, ಗೊತ್ತಿದ್ದೂ ಅಂತ ಬರೆದ್ರೆ ತಪ್ಪು ಪೂರ್ತಿ ನಿಮ್ಮ ತಲೆ ಮೇಲೆ ಬರತ್ತೆ. ನೋಡಿರಲಿಲ್ಲ ಅಂತ ಹಾಕ್ಲಾ?” ಎಂದು ಮ್ಯಾನೇಜರೇ ಕೇಳಿದರು.

“ನೋಡಿದೀನಲ್ಲ? ಹಾಗೇ ಬರೀರಿ.”

ಹಾಗೇ ಬರೆದರು. ಹತ್ತನೆಯ ದಿನ ನನ್ನ ಕೈಗೆ ಖಾಯಂ ಆದ ಪತ್ರ ಬಂತು, ಸರ್ ಕೈಗೆ ಎಚ್ಚರಿಕೆಯ ಪತ್ರ ಬಂತು. ಲಾಗು ಕಳಿಸುವ ಕೆಲಸ ಅವರಿಂದ ತೆಗೆದು ನನಗೆ ಕೊಟ್ಟರು. ಅಷ್ಟು ವರ್ಷ ಜತನ ಮಾಡಿದ್ದನ್ನು ಅವರು ಅರ್ಧ ದಿನ ಕೂತು, ಒಂದು ಒರಟು ಮಾತಿಲ್ಲದೆ ನನಗೆ ಹೇಳಿಕೊಟ್ಟರು. ಕೊನೆಗೆ, ಪುಣೆಗೆ ಹೋಗದಂತೆ ಅಂದೇ ತಡೆದಿದ್ದ ನನ್ನ ಗುರು, ಮಗಾ ಸಾಲುಗಳನ್ನು ಪ್ರೋಗ್ರಾಮಿನಿಂದಲೇ ಅಳಿಸುವ ಸರದಿ ಬಂತು. ಆಗ ತಡೆಯಲಾರದೆ ಕೇಳಿದೆ.

“ಸರ್, ಗೊತ್ತಿದ್ದೂ ಯಾಕೆ ಬಿಟ್ರಿ?”

ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. “ನೋಡು ಬೇಟಾ, ಮನೇಲಿ ನಾನು ಅಬ್ಬಾ. ಗಲ್ಲೀಲಿ ಚಾಚಾ. ಇಲ್ಲಿ ಸರ್. ಕಾಲೇಜಲ್ಲಿ ಒಬ್ಬ ಫ್ರೆಂಡ್ ಇದ್ದ. ಫೋನ್ ಎತ್ತಿದ್ರೆ ಗುರು, ಇಟ್ರೆ ಗುರು. ನನ್ನನ್ನ ಹಾಗೆ ಕರೆಯೋನು ಅವನೊಬ್ನೇ ಉಳಿದಿದ್ದ. ಹೋದ ವರ್ಷ ತೀರ್ಕೊಂಡ. ಆಮೇಲೆ ಒಂದಿನ ಇಲ್ಲಿ ಕೂತಿದ್ದಾಗ ಈ ಸಾಲು ಬಂತು. ಗುರು, ಇಲ್ಲೀವರ್ಗೂ ಬಂತು ಅಂತ. ತೆಗೆಸೋಣ ಅಂದ್ಕೊಂಡೆ. ನಾಳೆ ತೆಗೆಸೋಣ, ನಾಳೆ ತೆಗೆಸೋಣ ಅಂತ ಮೂರು ವಾರ ಆಯ್ತು.”

ಆರು ತಿಂಗಳು ಇವರನ್ನು ಆಡಿಕೊಂಡು ನಕ್ಕಿದ್ದೆ. ಮಧ್ಯಾಹ್ನ ನಾವೆಲ್ಲ ಗುಂಪಾಗಿ ಊಟಕ್ಕೆ ಏಳುವಾಗ ಇವರು ಮೇಜಿನಲ್ಲೇ ಒಬ್ಬರೇ ಡಬ್ಬಿ ಬಿಚ್ಚುತ್ತಿದ್ದುದು ದಿನಾ ಕಣ್ಣಿಗೆ ಬೀಳುತ್ತಿತ್ತು. ಒಮ್ಮೆಯೂ ಕರೆದಿರಲಿಲ್ಲ. ಸಾಲುಗಳನ್ನು ಒಂದೊಂದಾಗಿ ಅಳಿಸಿದೆ. ಅವರು ತಮ್ಮ ಜಾಗಕ್ಕೆ ಹೋಗಿ ಕೂತರು.

ಒಂದು ಗಂಟೆಗೆ ಎದ್ದು ಅವರ ಮೇಜಿನ ಹತ್ತಿರ ಹೋದೆ. ನಮ್ಮಪ್ಪನಿಗಿಂತ ದೊಡ್ಡವರು. ನಾಲಿಗೆ ಹೊರಳಲಿಲ್ಲ. ಆದರೂ ಹೇಳಿಬಿಟ್ಟೆ.

“ಗುರು, ಬಾ, ಊಟ ಮಾಡೋಣ.”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಡಬ್ಬಿಗಾಗಿ ಮೇಜಿನ ಕೆಳಗೆ ಕೈಹಾಕುತ್ತಾ, “ಬಂದೆ ಇರು, ಮಗಾ” ಎಂದರು.