ಕನ್ನಡಕದಂಗಡಿಯಲ್ಲಿ ಕಿವಿಪರೀಕ್ಷೆ

ಕನ್ನಡಕದಂಗಡಿಯ ಯಜಮಾನರಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಪ್ರೇಮಾಂಕುರವಾಯಿತು. ಗಾಬರಿಯಾಗಬೇಡಿ, ಪ್ರೇಮ ಹುಟ್ಟಿದ್ದು ಸೋಪಿನ ಡಬ್ಬಿಯಷ್ಟು ಗಾತ್ರದ ಒಂದು ವಸ್ತುವಿನ ಮೇಲೆ. ಕಪ್ಪು ಮೈ, ಗಾಜಿನ ಮುಖ, ಬಲಗಡೆ ಬಂಗಾರದ ಬಣ್ಣದ ಒಂದು ಗುಂಡಿ. ಹೆಸರು ಹೈ-ರೆಸಲ್ಯೂಷನ್ ಮ್ಯೂಸಿಕ್ ಪ್ಲೇಯರ್. ಫೋನಿನಲ್ಲೇ ಹಾಡು ಬರುತ್ತದಲ್ಲ, ಇದೆಂಥದ್ದು ಎಂದು ಯಾರಾದರೂ ಕೇಳಿದರೆ ಯಜಮಾನರು ಕನಿಕರದಿಂದ ನಕ್ಕು, "ಫೋನು ಹಾಡಿನ ಸುದ್ದಿ ಹೇಳುತ್ತೆ, ಇದು ಹಾಡನ್ನೇ ಕರ್ಕೊಂಡು ಬಂದು ಎದುರಿಗೆ ಕೂರಿಸುತ್ತೆ" ಎನ್ನುತ್ತಿದ್ದರು. (ಇದು ಮಾರಿದವನ ಮಾತು. ಆದರೆ ಮೂರೇ ದಿನದಲ್ಲಿ ಯಜಮಾನರ ಸ್ವಂತ ಮಾತಾಗಿಹೋಗಿತ್ತು.)

ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ವಸ್ತು ಮೆಚ್ಚತಕ್ಕದ್ದೇ. ಗುಂಡಿ ತಿರುಗಿಸಿದರೆ ಬೆರಳ ತುದಿಗೆ ಟಿಕ್ ಟಿಕ್ ಎಂದು ತಾಗುವ ಆ ನಯವಿದೆಯಲ್ಲ, ಜನರ ಕಣ್ಣಿನ ನಂಬರನ್ನು ಕಾಲು ಕಾಲು ಏರಿಸಿ ಇಳಿಸಿಯೇ ಬದುಕಿದ ಮನುಷ್ಯನಿಗೆ ಅದಕ್ಕಿಂತ ಸುಖ ಬೇರೆ ಬೇಕೆ? ಮೊದಲ ದಿನ ಪಿಟೀಲಿನ ಒಂದು ಹಾಡು ಕೇಳಿ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಿಲ್ಲಿಸಲಿಲ್ಲ. ಇಷ್ಟು ಚೆನ್ನಾಗಿರುವುದು ಇನ್ನೆಷ್ಟು ಚೆನ್ನಾಗಿರಬಹುದು ಎಂಬ ಹುಳ ತಲೆಗೆ ಹೊಕ್ಕಿತು. ಇಂಟರ್ನೆಟ್ಟಿನಲ್ಲಿ ಇಂಥ ಹುಳ ಹೊಕ್ಕವರದೇ ಒಂದು ದೊಡ್ಡ ಸಭೆ ಹಗಲಿರುಳು ನಡೆಯುತ್ತಿದೆ. ಅಲ್ಲಿನ ಪಂಡಿತರು ಹೇಳಿದ್ದನ್ನು ಯಜಮಾನರು ಒಂದೊಂದಾಗಿ ಶಿರಸಾವಹಿಸಿ ಪಾಲಿಸಿದರು. ದನಿಯ ಏರಿಳಿತ ತಿದ್ದುವ ಈಕ್ವಲೈಸರ್ ಮುಟ್ಟಕೂಡದು ಎಂದರು, ಮುಟ್ಟಲಿಲ್ಲ. ವೈಫೈ, ಬ್ಲೂಟೂತ್ ಎಲ್ಲ ಆರಿಸಬೇಕೆಂದರು, ಆರಿಸಿದರು. ಹಾಡುವಾಗ ಪರದೆ ಕತ್ತಲಾಗಿರಲಿ, ಬ್ಯಾಟರಿ ತುಂಬಿರಲಿ, ಮೊಬೈಲು ಹತ್ತಿರ ಸುಳಿಯದಿರಲಿ ಎಂದರು. ಎಲ್ಲಕ್ಕೂ ಅಸ್ತು. ಜಡೆ ಹೆಣೆದಂತಿದ್ದ ಒಂದು ಹೊಸ ತಂತಿಯೂ ಬಂತು. ಅದನ್ನು ಮಡಿಸಬಾರದಂತೆ, ಬಟ್ಟೆಯ ಹಗ್ಗದ ಮೇಲೆ ಮನೆಯವರ ಬನಿಯನ್ನುಗಳ ನಡುವೆ ಅದು ಘನತೆಯಿಂದ ನೇತಾಡಿತು.

ಅನಂತರ ಬಂದದ್ದು ನೂರು ಗಂಟೆಗಳ ವ್ರತ. ಹೊಸ ಇಯರ್‌ಫೋನು ಪಳಗಬೇಕಾದರೆ ಯಾರೂ ಕೇಳದಿದ್ದರೂ ಅದು ನೂರು ಗಂಟೆ ಹಾಡುತ್ತಲೇ ಇರಬೇಕಂತೆ. ಎಲ್ಲಿ ಇಡುವುದು? ಯಜಮಾನರು ಅದನ್ನು ಬೀರುವಿನೊಳಗೆ, ಹೆಂಡತಿಯ ಬಟ್ಟೆಗಳ ಮಡಿಕೆಯಲ್ಲಿ ಬೆಚ್ಚಗೆ ಮಲಗಿಸಿ, ದನಿ ಏರಿಸಿ, ಬಾಗಿಲು ಹಾಕಿ ಅಂಗಡಿಗೆ ಇಳಿದರು. ಹತ್ತು ನಿಮಿಷಕ್ಕೆ ಅವರ ಅತ್ತೆ, ಅಂದರೆ ಯಜಮಾನಿಯ ತಾಯಿ, ಬೀರುವಿಗೆ ಕಿವಿ ಹಚ್ಚಿ ನಿಂತರು.

"ಬಾರೇ ಇಲ್ಲಿ. ಜೀರುಂಡೆ ಸೇರ್ಕೊಂಡಿದೆ ನೋಡು."

ತಾಯಿ ಮಗಳು ಸೇರಿ ಮೂರು ಖಾನೆಯ ಬಟ್ಟೆಯನ್ನೂ ಕೊಡವಿದರು. ಒಬ್ಬರ ಕೈಯಲ್ಲಿ ಪೊರಕೆ, ಒಬ್ಬರ ಕೈಯಲ್ಲಿ ಚಪ್ಪಲಿ. ಯಜಮಾನರು ಮೆಟ್ಟಿಲು ಹಾರಿ ಬಂದು ಅಡ್ಡ ಬೀಳುವುದು ಒಂದು ಕ್ಷಣ ತಡವಾಗಿದ್ದರೆ ವ್ರತ ಅಂದೇ ಭಂಗವಾಗುತ್ತಿತ್ತು.

"ರೀ, ಇದು ಬೀರುವಿಗೆ ಹಾಡ್ತಾ ಇದೆಯಾ?" ಎಂದು ಕೇಳಿದಳು ಯಜಮಾನಿ, ಚಪ್ಪಲಿ ಇಳಿಸದೆ.

"ಪಳಗ್ತಾ ಇದೆ ಕಣೇ."

"ಇದು ಪಳಗೋ ಹೊತ್ತಿಗೆ ನಾವೆಲ್ಲ ಪಳಗಿರ್ತೀವಿ ಬಿಡಿ."

ಯಜಮಾನಿಯ ಬಗ್ಗೆ ಎರಡು ಮಾತು ಹೇಳಬೇಕು. ಕೆಳಗೆ ಅಂಗಡಿ, ಮೇಲೆ ಮನೆ. ಕೆಳಗೆ ಕಣ್ಣು ಪರೀಕ್ಷಿಸಿ ನಂಬರು ಬರೆಯುವುದು ಯಜಮಾನರು. ಗಾಜನ್ನು ಮಷೀನಿಗೆ ಹಿಡಿದು ಅಂಚು ಉಜ್ಜಿ, ಫ್ರೇಮಿಗೆ ಕೂರಿಸಿ, ಗಿರಾಕಿಯ ಮೂಗಿಗೂ ಕಿವಿಗೂ ಹೊಂದುವಂತೆ ಬಗ್ಗಿಸಿ ಕೊಡುವುದು ಯಜಮಾನಿ. ಹುಟ್ಟಾ ಸೊಟ್ಟಗಿರುವ ಮೂಗಿನ ಮೇಲೂ ಕನ್ನಡಕವನ್ನು ನೆಟ್ಟಗೆ ನಿಲ್ಲಿಸುವ ಕೈ ಅದು. ಯಜಮಾನರಿಗೂ ಅದರ ಮೇಲೆ ಬಹಳ ಗೌರವ. ಆದರೆ ಆ ಉಜ್ಜುವ ಮಷೀನು ಓಡುವಾಗ ಹಲ್ಲು ಜುಮ್ಮೆನ್ನುವಂತೆ ಕಿರುಚುತ್ತದೆ, ಕೆಳಗೆ ಕಿರುಚಿದ್ದು ಮೇಲೆ ಮಂಚದ ಕಾಲಿಗೂ ಕೇಳಿಸುತ್ತದೆ.

ಆದ್ದರಿಂದ ಎರಡನೆಯ ವಾರದಲ್ಲಿ ಮನೆಗೆ ಮೌನ ಶಾಸನ ಜಾರಿಯಾಯಿತು. ಮಧ್ಯಾಹ್ನ ಎರಡರಿಂದ ಐದರವರೆಗೆ ಯಜಮಾನರ ಶ್ರವಣ. ಆ ಹೊತ್ತಿನಲ್ಲಿ ಫ್ಯಾನು ತಿರುಗಕೂಡದು. ಫ್ರಿಜ್ಜು ಗುಂಯ್‌ಗುಟ್ಟಕೂಡದು (ಎರಡು ಸಲ ಹಾಲು ಒಡೆಯಿತು). ಮಷೀನಂತೂ ಓಡಲೇಕೂಡದು.

"ಅತ್ತೆ, ಕೆಮ್ಮೋದಿದ್ರೆ ಹಾಡು ಹಾಡಿನ ಮಧ್ಯೆ ಸ್ವಲ್ಪ ಬಿಡುವಿರುತ್ತೆ, ಆವಾಗ..."

"ಕೆಮ್ಮೇನು ಹೇಳಿ ಕೇಳಿ ಬರುತ್ತಾ ಅಳಿಯಂದ್ರೆ?" ಎಂದ ಅತ್ತೆ, ಅಂದಿನಿಂದ ಅಳಿಯ ಕಣ್ಣು ಮುಚ್ಚಿದ್ದನ್ನು ನೋಡಿಯೇ ಕೆಮ್ಮತೊಡಗಿದರು.

ಗಿರಾಕಿಗಳ ಗದ್ದಲವಿಲ್ಲದೆ ಗಾಜು ಉಜ್ಜಲು ಯಜಮಾನಿಗೆ ಸಿಗುತ್ತಿದ್ದುದೇ ಆ ಮೂರು ಗಂಟೆ. ಇತ್ತ ಅಂಗಡಿಯಲ್ಲಿ ಉಜ್ಜದ ಗಾಜುಗಳು ಟ್ರೇಗಳಲ್ಲಿ ಸಾಲುಗಟ್ಟಿದವು. ಗಿರಾಕಿಗಳಲ್ಲಿ ಒಬ್ಬರು ಬಸ್ ಡ್ರೈವರು. ಹಳೆಯ ಕನ್ನಡಕ ಒಡೆದು, ರಜೆ ಹಾಕಿ ಕೂತಿದ್ದ ಅವರು ನಾಲ್ಕನೆಯ ಸಲ ಬಂದು, "ಮೇಡಂ, ಇವತ್ತು ಬರೋ ದಾರೀಲಿ ಅಂಚೆ ಡಬ್ಬಿಗೆ ನಮಸ್ಕಾರ ಮಾಡ್ದೆ. ನಮ್ಮ ಸಾಹೇಬ್ರು ಅನ್ಕೊಂಡೆ" ಎಂದು ಬಹಳ ಬೇಸರದಿಂದ ಹೇಳಿ ಹೋದರು. ಯಜಮಾನಿಗೆ ರೇಗಿದ್ದು ಆವಾಗಲೇ. ಗಿರಾಕಿಗೆ ಕೊಟ್ಟ ಮಾತು ತಪ್ಪಿದರೆ ಆಕೆಗೆ ಊಟ ಸೇರುವುದಿಲ್ಲ.

ಆಕೆ ನೇರವಾಗಿ ಮೇಲೆ ಬಂದು ಫ್ಯಾನು ಹಾಕಿದಳು.

"ಮಾರಿದೋನು ಹಿಡಿಸದಿದ್ರೆ ಹದಿನೈದು ದಿನದೊಳಗೆ ವಾಪಸ್ ತನ್ನಿ ಅಂದಿದ್ದ ತಾನೆ? ನಾಳೆಗೆ ಹದಿನೈದು."

"ಹಿಡಿಸಿದೆಯಲ್ಲೇ!"

"ಹಿಡಿಸಿದೆ ಅಂತ ಹೇಳೋದು ಬಾಯಿ. ಕಿವಿ ಏನನ್ನುತ್ತೆ ನೋಡೋಣ. ಆ ಪಿಟೀಲಿನ ಹಾಡು ಎರಡು ಥರ ಇದೆ ಅಂದ್ರಲ್ಲ?"

ಇತ್ತು. ಒಂದು, ಧ್ವನಿಮುದ್ರಣವನ್ನು ಒಂದಿಷ್ಟೂ ಹಿಂಡದೆ ಇಡಿಯಾಗಿ ಇಟ್ಟ ದೊಡ್ಡ ಫೈಲು. ಇನ್ನೊಂದು, ಅದನ್ನೇ ಹಿಂಡಿ ಮುದುರಿ ಫೋನಿಗೆಂದು ಮಾಡಿದ ಪುಟ್ಟ ಫೈಲು. ಪುಟ್ಟದನ್ನು ಕೇಳುವುದು ಕಿವಿಗೆ ಮಾಡುವ ಅವಮಾನ ಎಂದು ಯಜಮಾನರು ಊಟದ ಹೊತ್ತಿನಲ್ಲಿ ಉಪನ್ಯಾಸವನ್ನೇ ಕೊಟ್ಟಿದ್ದರು.

"ಹತ್ತು ಸಲ ಹಾಕ್ತೀನಿ. ಯಾವುದು ದೊಡ್ಡದು, ಯಾವುದು ಪುಟ್ಟದು ಅಂತ ಎಂಟು ಸಲ ಸರಿಯಾಗಿ ಹೇಳಿದ್ರೆ ಅದು ಮನೇಲಿರಲಿ. ನಾನು ಬೆಳಿಗ್ಗೆ ಐದಕ್ಕೇ ಎದ್ದು ಮಷೀನ್ ಓಡಿಸ್ಕೋತೀನಿ. ತಪ್ಪಿದ್ರೆ ನಾಳೆ ವಾಪಸ್."

"ಎಂಟಲ್ಲ, ಹತ್ತಕ್ಕೆ ಹತ್ತು!" ಎಂದರು ಯಜಮಾನರು. ಗಂಡಸರು ಹೀಗೆಯೇ ಕೆಡುವುದು.

ಮಾರನೆಯ ಬೆಳಿಗ್ಗೆ ಅಂಗಡಿಗೆ ವಾರದ ರಜೆ. ಯಜಮಾನರು ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ, ಇಷ್ಟು ವರ್ಷದಲ್ಲಿ ಮೊದಲ ಸಲ, ಗಿರಾಕಿಯ ಜಾಗದಲ್ಲಿ ಕೂತರು. ಪರೀಕ್ಷೆಯ ಫ್ರೇಮಿಗೆ ಎರಡೂ ಕಡೆ ಕಪ್ಪು ಬಿಲ್ಲೆ ಹಾಕಿ ಯಜಮಾನಿ ಅವರ ಮೂಗಿಗೇರಿಸಿದಳು. ಅತ್ತೆ ಒಂದು ಚೀಟಿ, ಒಂದು ಪೆನ್ಸಿಲು ಹಿಡಿದು ಸಾಕ್ಷಿಯಾಗಿ ಸ್ಟೂಲಿನ ಮೇಲೆ ಕೂತರು.

"ಇದು," ಎಂದಳು ಯಜಮಾನಿ. ಗುಂಡಿ ಟಿಕ್ ಎಂದಿತು. "ಈಗ ಇದು. ಯಾವುದು ಚೆನ್ನಾಗಿದೆ?"

ದಿನಕ್ಕೆ ಇಪ್ಪತ್ತು ಸಲ ತಾವು ಕೇಳುವ ಪ್ರಶ್ನೆ ಎದುರಿನಿಂದ ಬಂದಾಗ ಇಷ್ಟು ಕಷ್ಟವೆಂದು ಯಜಮಾನರಿಗೆ ಗೊತ್ತಿರಲಿಲ್ಲ. "ಇನ್ನೊಂದ್ ಸಲ ಹಾಕು," ಎಂದರು. "ಮೊದಲನೇದು... ಅಲ್ಲ, ತಡಿ," ಎಂದರು. ಬೆವರಿದರು. ಆದರೆ ಮೂರನೆಯ ಸುತ್ತಿಗೆ ಧೈರ್ಯ ಬಂತು, ಧೈರ್ಯದ ಹಿಂದೆ ವಾಗ್ವೈಭವ ಬಂತು. "ಇದು ಪುಟ್ಟದು. ಗಂಟಲು ಹಿಸುಕಿದ ಹಾಗಿದೆ. ಹಾಂ, ಇದು ದೊಡ್ಡದು! ಇದರಲ್ಲಿ ಗಾಳಿಯಿದೆ, ಬೆಳಕಿದೆ, ಪಿಟೀಲಿನ ಮರದ ವಾಸನೆ ಇದೆ!" ಐದನೆಯ ಸುತ್ತಿನಲ್ಲಿ ಕಪ್ಪು ಬಿಲ್ಲೆಯ ಕೆಳಗಿನಿಂದ ಒಂದು ಹನಿ ಕಣ್ಣೀರು ಇಳಿಯಿತು. ಅತ್ತೆ ಅದನ್ನೂ ಬರೆದುಕೊಂಡರು.

ಹತ್ತು ಮುಗಿಯಿತು. ಯಜಮಾನಿ ಫ್ರೇಮು ತೆಗೆದಳು.

"ಆರು ಸಲ ದೊಡ್ಡದು ಅಂದ್ರಿ. ನಾಲ್ಕು ಸಲ ಪುಟ್ಟದು ಅಂದ್ರಿ."

"ಎಷ್ಟು ಸರಿ?"

"ಹತ್ತು ಸಲವೂ ನಾನು ಹಾಕಿದ್ದು ಪುಟ್ಟದ್ದೇ ರೀ."

"ಮೋಸ!" ಎಂದು ಎದ್ದು ನಿಂತ ಯಜಮಾನರು ಹಾಗೆಯೇ ಕೂತುಬಿಟ್ಟರು. ಏಕೆಂದರೆ ವಿದ್ಯೆ ಅವರದೇ. ಎಂಥ ಗಾಜು ಹಾಕಿದರೂ ತೃಪ್ತಿಯಿಲ್ಲದೆ ಕೊಸರಾಡುವ ಗಿರಾಕಿ ಬಂದರೆ, ಅವರು ಗಾಜನ್ನು ಟಕ್ ಎಂದು ಸದ್ದಾಗುವಂತೆ ತೆಗೆದು, ಅದೇ ಗಾಜನ್ನು ಮತ್ತೆ ಹಾಕಿ, "ಈಗ?" ಎನ್ನುತ್ತಾರೆ. "ಆಹಾ, ಈಗ ಸ್ಪಷ್ಟ!" ಎಂದನೋ, ಕಣ್ಣಿಗಿಂತ ಕಲ್ಪನೆ ಚುರುಕು ಎಂದು ಗೊತ್ತಾಗುತ್ತದೆ. ಮದುವೆಯಾದ ಹೊಸತರಲ್ಲಿ ಈ ಯುಕ್ತಿಯನ್ನು ಹೆಂಡತಿಗೆ ಹೆಮ್ಮೆಯಿಂದ ಹೇಳಿಕೊಟ್ಟವರೂ ಅವರೇ.

ಯಜಮಾನರು ಪ್ಲೇಯರನ್ನು ಅದರ ಪೆಟ್ಟಿಗೆಯಲ್ಲಿ ಇಡತೊಡಗಿದರು. ಕೈ ನಿಧಾನವಾಗಿತ್ತು. ನಿಜಕ್ಕೂ ದುಃಖವಾಗಿತ್ತು ಅವರಿಗೆ. ಅಂಗಡಿ, ಗಾಜು, ನಂಬರು ಇಷ್ಟೇ ಆಗಿದ್ದ ದಿನಗಳಲ್ಲಿ ಅಷ್ಟು ಚಂದದ ವಸ್ತು ಇನ್ನೊಂದು ಬಂದಿರಲಿಲ್ಲ. ಅದು ಯಜಮಾನಿಗೂ ಕಾಣಿಸಿತು.

"ಎರಡು ನಿಮಿಷ ಕೊಡಿ ಇಲ್ಲಿ. ವಾಪಸ್ ಹೋಗೋ ಮುಂಚೆ ನಾನೂ ಒಂದ್ ಸಲ ಕೇಳ್ಬಿಡ್ತೀನಿ," ಎಂದಳು. ಹದಿನಾಲ್ಕು ದಿನದಲ್ಲಿ ಆಕೆಗೆ ಕೇಳಿಸಬೇಕೆಂದು ಯಜಮಾನರಿಗೆ ಹೊಳೆದೇ ಇರಲಿಲ್ಲ.

ಪೆಟ್ಟಿಗೆಯ ಮೂಲೆಯಲ್ಲಿ ಸೀಲು ಒಡೆಯದ ಒಂದು ಪೊಟ್ಟಣವಿತ್ತು. ಒಳಗೆ ಬೇರೆ ಬೇರೆ ಅಳತೆಯ ರಬ್ಬರ್ ಟೋಪಿಗಳು, ಕಿವಿಯೊಳಗೆ ಹೋಗುವ ತುದಿಗೆ ತೊಡಿಸಲು. ಯಜಮಾನಿ ಅದನ್ನು ಒಡೆದು, ಒಂದನ್ನು ಹಿಚುಕಿ ನೋಡಿ, ಇನ್ನೊಂದನ್ನು ಆರಿಸಿ ತೊಡಿಸಿ, ಕಿವಿಯನ್ನು ಮೇಲಕ್ಕೆಳೆದು ಒತ್ತಿಕೊಂಡಳು. ಹಾಡು ಶುರುವಾಯಿತು. ಆಕೆಯ ಕೈ ಹಾಗೇ ನಿಂತಿತು.

"ರೀ... ಪಿಟೀಲಿನೋನು ಉಸಿರು ಎಳ್ಕೊಂಡ."

"ಏನು?"

"ಹಿಂದೆ ಯಾರೋ ಲೋಟ ಕೆಳಗಿಟ್ರು. ಮೆಲ್ಲಗೆ ಇಟ್ರು ಪಾಪ, ಆದ್ರೂ ಕೇಳಿಸ್ತು."

"ಉಸಿರೆಲ್ಲಿದೆ? ಲೋಟವೆಲ್ಲಿದೆ?" ಯಜಮಾನರು ಕಸಿದುಕೊಳ್ಳಲು ಕೈ ಚಾಚಿದರು. ಆಕೆ ಕೊಡಲಿಲ್ಲ. ಬದಲಿಗೆ ಗಂಡನ ಗಲ್ಲ ಹಿಡಿದು ಮುಖ ತಿರುಗಿಸಿ, ಗಿರಾಕಿಯ ಕಿವಿ ನೋಡುವಂತೆ ನೋಡಿದಳು.

"ಇದ್ದ ಟೋಪಿ ಕಿವಿಯ ಹೊಸಿಲಲ್ಲೇ ನಿಂತಿತ್ತು, ಒಳಗೆ ಹೋಗೇ ಇಲ್ಲ. ನಿಮ್ಮ ಎಡಗಿವಿ ಬಲಗಿವಿಗಿಂತ ದೊಡ್ಡದು. ಇಪ್ಪತ್ತಾರು ವರ್ಷದಿಂದ ನಿಮ್ಮ ಕನ್ನಡಕದ ಕಡ್ಡಿ ಬಗ್ಗಿಸ್ತಿದ್ದೀನಿ, ನಂಗೊತ್ತಿಲ್ವಾ?"

ಎಡಕ್ಕೆ ದೊಡ್ಡ ಟೋಪಿ, ಬಲಕ್ಕೆ ನಡುವಿನದು. ಕಿವಿ ಎಳೆದು, ಅರ್ಧ ಸುತ್ತು ತಿರುಗಿಸಿ, ಒತ್ತಿದಳು. ಫ್ಯಾನು ಮಾಯವಾಯಿತು, ಬೀದಿ ಮಾಯವಾಯಿತು. ಆಮೇಲೆ ಪಿಟೀಲು ಬಂತು. ಕೆಳಸ್ಥಾಯಿಯೆಂಬುದು ಇಷ್ಟು ದಿನ ಎಲ್ಲಿ ಅಡಗಿತ್ತೋ, ಎದೆಗೇ ಬಂದು ತಗುಲಿತು. ಉಸಿರು ಇತ್ತು. ಲೋಟವೂ ಇತ್ತು. (ಈಗ ಹಾಡುತ್ತಿದ್ದದ್ದು ದೊಡ್ಡ ಫೈಲೋ ಪುಟ್ಟದೋ ಎಂದು ಯಾರೂ ಕೇಳಲಿಲ್ಲ.) ಜಡೆ ತಂತಿ, ನೂರು ಗಂಟೆ, ಒಡೆದ ಹಾಲು ಎಲ್ಲ ಸೇರಿ ಮಾಡಲಾಗದ್ದನ್ನು ಕಡಲೆಕಾಳಿನಷ್ಟು ರಬ್ಬರೂ ಹೆಂಡತಿಯ ಎರಡು ಬೆರಳೂ ಮಾಡಿದ್ದವು. ಯಜಮಾನರಿಗೆ ಎದುರಿಗೆ ನಿಂತ ಆಕೆಯ ಮೇಲೆ ಮೆಚ್ಚುಗೆ ಉಕ್ಕಿ ಬಂತು.

ಆಕೆಯ ತುಟಿ ಅಲುಗುತ್ತಿತ್ತು. ಏನೋ ಕೇಳುತ್ತಿದ್ದಳು. ಒಂದಕ್ಷರ ಕೇಳಿಸಲಿಲ್ಲ, ಆದರೆ ಇಂಥ ಹೆಂಡತಿಗೆ ಇಲ್ಲ ಎನ್ನುವುದುಂಟೆ? ಯಜಮಾನರು ಧಾರಾಳವಾಗಿ ತಲೆಯಾಡಿಸಿದರು. ಆಕೆ ಮತ್ತೇನೋ ಕೇಳಿದಳು. "ಆಗಲಿ! ಆಗಲಿ!" ಎಂದು ಬೀದಿಗೆ ಕೇಳುವಂತೆ ಕೂಗಿ, ಆಕೆಯ ಎರಡೂ ಕೈ ಹಿಡಿದು ಕುಲುಕಿದರು. ಹಾಡು ಮುಗಿದ ಮೇಲೆ ಇಯರ್‌ಫೋನು ತೆಗೆದು, "ಏನಂದೆ?" ಎಂದರು.

"ಪಂದ್ಯ ಸೋತಿದ್ದೀರಿ, ಆದ್ರೆ ವಾಪಸ್ ಬೇಡ, ಇನ್ಮೇಲೆ ಇದು ನನ್ನದು, ಆಗಬಹುದಾ ಅಂದೆ. ಒಪ್ಪಿದ್ರಿ."

"ಆಂ?"

"ನಿಂತಿರೋ ಗಾಜೆಲ್ಲ ಇವತ್ತೇ ನೀವೇ ಉಜ್ಜಿಬಿಡ್ತೀರಾ ಅಂದೆ. ಅದಕ್ಕೆ ಆಗಲಿ ಆಗಲಿ ಅಂತ ಎರಡು ಸಲ ಕೂಗಿದ್ರಿ."

"ಕೈ ಬೇರೆ ಕುಲುಕಿದ್ರಿ ಅಳಿಯಂದ್ರೆ," ಎಂದು ಅತ್ತೆ ಚೀಟಿಯ ಮೇಲೆ ಗೀಟು ಎಳೆದರು.

ಸ್ವಲ್ಪ ಹೊತ್ತಿಗೆ ಯಜಮಾನರು ಮಷೀನಿನ ಮುಂದಿದ್ದರು. ಮೊದಲು ಡ್ರೈವರರ ಗಾಜು. ಮಷೀನು ಕಿರುಚಿತು, ನೀರು ಚಿಮ್ಮಿ ಅವರ ಕನ್ನಡಕಕ್ಕೇ ಹಾರಿತು. ಯಜಮಾನಿ ಪರೀಕ್ಷೆಯ ಕುರ್ಚಿಯಲ್ಲಿ ಕಾಲು ಚಾಚಿ, ಕಣ್ಣು ಮುಚ್ಚಿ ಕೂತಿದ್ದಳು. ಆ ಮುಖದ ಮೇಲಿನ ಸುಖ ನೋಡಿದರೆ ವಸ್ತು ಸರಿಯಾದ ಕೈಗೇ ಸೇರಿದೆಯೆಂದು ಯಾರಾದರೂ ಒಪ್ಪಬೇಕು. ಯಜಮಾನರೂ ಒಪ್ಪಿದರು. ಆದರೂ ಆಸೆ ಬಿಡಬೇಕಲ್ಲ, ಮಷೀನು ನಿಲ್ಲಿಸಿ ಮೆತ್ತಗೆ ಕೇಳಿದರು:

"ಸಾಯಂಕಾಲ ಒಂದರ್ಧ ಗಂಟೆ ನನಗೆ ಕೊಡ್ತೀಯೇನೇ?"

ಯಜಮಾನಿ ಕಣ್ಣು ತೆರೆಯದೆ, ನಿಧಾನವಾಗಿ, ಅತ್ತಿಂದಿತ್ತ ತಲೆಯಾಡಿಸಿದಳು. ಆಡಿಸಿದ್ದು ತಮ್ಮ ಮಾತಿಗೋ ಪಿಟೀಲಿಗೋ ತಿಳಿಯದೆ ಯಜಮಾನರು ಎರಡನೆಯ ಗಾಜು ಕೈಗೆತ್ತಿಕೊಂಡರು.